ಸಾಸಿವೆ ಡಬ್ಬಿಯ ಮೇಲೊಂದು ಚೀಟಿ

ಮೊನ್ನೆ ಮುಂಬೈ ಹತ್ತಿರದ ಡೊಂಬಿವ್ಲಿ ಸ್ಟೇಷನ್ನಿನಲ್ಲಿ ಠಾಣೆ ಲೋಕಲ್‌ಗೆ ಕಾಯುತ್ತಿದ್ದೆವು. ತಂಗಿಯ ಮಗಳಿಗೆ ನಾಲ್ಕು ವರ್ಷ. ಯಾವ ಗಾಡಿ ಅಂತ ತೋರಿಸುವ ಇಂಡಿಕೇಟರ್ ಕಡೆ ಬೆರಳು ಮಾಡಿ, "ದೊಡ್ಡಮ್ಮ, ಕೆ ಬಂತು. ಅದು ಕಲ್ಯಾಣ್ ಗಾಡಿ, ನಮ್ದಲ್ಲ" ಅಂದಳು. ಅವಳಿಗಿನ್ನೂ ಎಬಿಸಿಡಿ ಪೂರ್ತಿ ಬರುವುದಿಲ್ಲ. ಆದರೆ ಆ ಗೆರೆಗಳು ಏನೋ ಹೇಳುತ್ತಿವೆ ಅನ್ನೋದು ಗೊತ್ತು. ಓದು ಶುರುವಾಗೋದೇ ಅಲ್ಲಿಂದ ಅಂತ ನಾನು ನಂಬಿದ್ದೇನೆ.

ಇದೇ ಮಗುವಿಗೆ ಹೋದ ವರ್ಷ ಪ್ಲೇಸ್ಕೂಲಿನಿಂದ ಪುಟ ತುಂಬಾ ಅಕ್ಷರ ತಿದ್ದುವ ಹೋಂವರ್ಕ್ ಬರುತ್ತಿತ್ತು. ಪೆನ್ಸಿಲ್ ಹಿಡಿಯೋ ಬಲವೇ ಇಲ್ಲದ ಬೆರಳು. ಅತ್ತುಕೊಂಡೇ ಬರೆಯುತ್ತಿದ್ದಳು. ನೋಡಿ ಹೊಟ್ಟೆ ಉರಿಯುತ್ತಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಚಿಕ್ಕ ಮಕ್ಕಳು ಆಡುತ್ತಾ ಕಲಿಯಲಿ ಅಂತಲೇ ಹೇಳುತ್ತೆ ಅಲ್ವಾ?

ಮುಂಬೈಯಲ್ಲಿರುವ ನಾವು ಕನ್ನಡ ಕಲಿಸುವಾಗಲೂ ಇದೇ ತಪ್ಪು ಮಾಡುತ್ತೇವೆ. ಸುಮ್ನೆ ಸ್ಲೇಟು ಕೊಟ್ಟು ನಲವತ್ತೊಂಬತ್ತು ಅಕ್ಷರ ಬಾಯಿಪಾಠ ಮಾಡಿಸುತ್ತೇವೆ. ಮಗು ಅ ಆ ಇ ಈ ಅಂತ ರಾಗವಾಗಿ ಹೇಳುತ್ತೆ. ನಡುವಿನ 'ಎ' ಮೇಲೆ ಬೆರಳಿಟ್ಟು ಕೇಳಿ, ಮೊದಲಿಂದ ಶುರು ಮಾಡಬೇಕು ಅದಕ್ಕೆ! ಬೆಂಗಳೂರಿನ ಮಗು ಯಾರೂ ಕಲಿಸದೆಯೇ ದಿನಾ ನೂರು ಕನ್ನಡ ಬೋರ್ಡು ನೋಡುತ್ತೆ. ಇಲ್ಲಿ ಅಂಗಡಿ ಬೋರ್ಡು ಮರಾಠಿ, ಮುಂಬೈ ಸಿಟಿ ಬಸ್ಸು ಬೆಸ್ಟ್‌ನ ಮುಂದಿನ ನಂಬರೂ ಮರಾಠಿ ಅಂಕಿಯಲ್ಲಿ. ಅದೂ ಬೇಕು, ಕಲಿಯಲಿ. ಆದರೆ ನಮ್ಮ ಮಕ್ಕಳಿಗೆ ಕನ್ನಡ ಬರೀ ಕಿವಿಗೆ ಬೀಳುವ ಭಾಷೆ. ಕಣ್ಣಿಗೆ ಬೀಳುವಂತೆ ಮಾಡೋದು ಮನೆಯವರದೇ ಕೆಲಸ.

ನಾನು ಅಡುಗೆಮನೆಯಿಂದ ಶುರು ಮಾಡಿದೆ. ಡಬ್ಬಿಗಳಿಗೆ ದಪ್ಪ ಅಕ್ಷರದ ಚೀಟಿ ಅಂಟಿಸಿದೆ: ರವೆ, ಸಾಸಿವೆ, ಉಪ್ಪು. ಕಲಿಸಲು ಕೂರಲಿಲ್ಲ. ಒಗ್ಗರಣೆ ಹೊತ್ತಿಗೆ "ಸಾಸಿವೆ ಕೊಡು ಪುಟ್ಟಿ" ಅನ್ನುವುದು, ಅಷ್ಟೇ. ಎರಡು ವಾರ ಆಗಿರಬೇಕು. ಎರಡು ಡಬ್ಬಿ ಪಕ್ಕ ಪಕ್ಕ ಇಟ್ಟು, ಕೊನೆಯ ಅಕ್ಷರದ ಮೇಲೆ ಬೆರಳಿಟ್ಟು, "ಇದಕ್ಕೂ ಅದಕ್ಕೂ ಒಂದೇ ಬಾಲ" ಅಂದಳು. ವೆ! ನನಗೆ ಕಣ್ಣು ತುಂಬಿ ಬಂತು. ಇನ್ನೊಂದು ದಿನ ರವೆ ಡಬ್ಬಿಗೆ ಅವಲಕ್ಕಿ ಸುರಿದಿದ್ದೆ. "ದೊಡ್ಡಮ್ಮ, ಚೀಟಿ ಸುಳ್ಳು ಹೇಳ್ತಿದೆ" ಅಂತ ತಕರಾರು.

ಅಕ್ಷರ ಶುರು ಮಾಡುವಾಗಲೂ ಅ ಆ ಇ ಈ ಹಿಂದೆ ಬೀಳಬೇಡಿ. ಊರಿನ ಶಾಲೆಗಳಲ್ಲಿ ಮೊದಲು ಹೇಳಿಕೊಡುವ ರ ಗ ಸ ದ ಅ ಎಷ್ಟು ಚೆನ್ನಾಗಿದೆ ನೋಡಿ. ಐದೇ ಅಕ್ಷರ. ಅಷ್ಟರಲ್ಲೇ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಕಥೆ ಓದುವಾಗ ಸಾಲಿನ ಕೆಳಗೆ ಬೆರಳು ಓಡಿಸಿ. ಎಡದಿಂದ ಬಲಕ್ಕೆ ಓದಬೇಕು ಅನ್ನೋದೂ ಮಗುವಿಗೆ ಹುಟ್ಟುತ್ತಲೇ ಗೊತ್ತಿರಲ್ಲ.

ಸುಳ್ಳು ಚೀಟಿಯನ್ನು ಅವಳೇ ಸರಿ ಮಾಡಿದಳು. ಅ-ವ-ಲ-ಕ್ಕಿ ಅಂತ ನಾಲ್ಕು ಸಲ ಚಪ್ಪಾಳೆ ತಟ್ಟಿ, ಕಾಗದದ ಮೇಲೆ ನಾಲ್ಕು ಸೊಟ್ಟ ಸುರುಳಿ ಬರೆದು, ಒಂದೊಂದಕ್ಕೂ ತಲೆಕಟ್ಟು ಹಾಕಿ ತಂದಳು. ನಾನು ತಿದ್ದಲಿಲ್ಲ. ಹಾಗೇ ಡಬ್ಬಿಗೆ ಅಂಟಿಸಿದ್ದೇನೆ.