ಕನ್ನಡ ಮೀಡಿಯಂ ಮೇಷ್ಟ್ರಿಗೆ ಥಾಯ್ಲೆಂಡ್ ವೀಸಾ

ನಾನು ಥಾಯ್ಲೆಂಡಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು. ಹೋದ ದೀಪಾವಳಿಗೆ ಊರಿಗೆ ಬಂದಿದ್ದಾಗ ಬೇಲೂರು ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ನಮ್ಮ ಸೋದರಮಾವ ಸಿಕ್ಕಿದರು. ಕಾಫಿ ಹೇಳಿದರು. ಲೋಟ ಕೈಗೆ ಬರುವ ಮೊದಲೇ ಕೇಳಿದರು: "ಅಲ್ಲ ಕಣ್ಲಾ, ಇಂಗ್ಲಿಷ್ ಕಲ್ಸೋಕೆ ಅವ್ರು ನಿನ್ನ ಯಾಕ್ಲಾ ಕರ್ಸ್ಕೊಂಡ್ರು? ಬಿಳಿಯೋರು ಯಾರೂ ಸಿಗ್ಲಿಲ್ವಾ?"

ಪಕ್ಕದ ಟೇಬಲ್‌ನವರು ನಕ್ಕರು, ನಾನೂ ನಕ್ಕೆ. ಮಾವ ಒಂದೇ ಉಸಿರಲ್ಲಿ ಕೇಳಿದ್ದನ್ನು ನನಗೆ ಮೂರು ದೇಶಗಳ ವೀಸಾ ನಿಯಮಗಳು ಆಗಲೇ ಮರ್ಯಾದೆಯಿಂದ ಕೇಳಿ ಮುಗಿಸಿದ್ದವು.

ನಾನು ಓದಿದ್ದು ಊರಿನ ಸರ್ಕಾರಿ ಶಾಲೆಯಲ್ಲಿ. ಎಬಿಸಿಡಿ ಕಲಿತದ್ದು ಐದನೇ ಕ್ಲಾಸಿಗೆ. ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಅಂತ ಸರ್ಕಾರಿ ಶಾಲೆಗಳಿಗೆ ಬಂದದ್ದು 2007ರಲ್ಲಿ, ನಮ್ಮ ಕಾಲಕ್ಕೆ ಅದೆಲ್ಲ ಇರಲಿಲ್ಲ. ಆಮೇಲೆ ಬಿಎ, ಬಿಎಡ್, ಹಾಸನದ ಹೇಮಗಂಗೋತ್ರಿಯಲ್ಲಿ ಇಂಗ್ಲಿಷ್ ಎಂಎ. ಅದು ಆಗಿನ್ನೂ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ಹಾಸನದಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಕೆಲವು ವರ್ಷ ಪಾಠ ಮಾಡಿದೆ. ಸಂಬಳ ಕೈಗೆ ಬಂದು ಹೋಗುವಷ್ಟು. ಗೆಳೆಯನೊಬ್ಬ ಹೊರಗೆ ಹೋಗಿ ನೋಡು ಅಂದ.

ಮೊದಲು ಜಪಾನ್ ನೋಡಿದೆ. ಅಲ್ಲಿನ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ವೀಸಾಕ್ಕೆ, ಮಾತೃಭಾಷೆ ಇಂಗ್ಲಿಷ್ ಅಲ್ಲದಿದ್ದರೆ, ಕನಿಷ್ಠ 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲೇ ಓದಿರಬೇಕು. ನನ್ನ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ತೆಗೆದು ನೋಡಿದೆ, ಮಾಧ್ಯಮ ಕನ್ನಡ. ಅಲ್ಲಿಗೆ ಜಪಾನ್ ಮುಗಿಯಿತು. ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಮೇಷ್ಟ್ರ ವೀಸಾ ಅಂದರೆ ಮುಖ್ಯವಾಗಿ ಏಳು ದೇಶದವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ವ್ಯಾಪಾರ ಒಪ್ಪಂದದಲ್ಲಿ ನಮ್ಮವರಿಗೂ ಒಂದು ಸಣ್ಣ ಕಿಂಡಿ ಬಿಟ್ಟಿದ್ದಾರೆ. ಆದರೆ ಆ ಕಿಂಡಿಯಲ್ಲಿ ತೂರಿಸಿಕೊಳ್ಳುವ ಶಾಲೆ ನನಗೆ ಸಿಗಲಿಲ್ಲ. ಇನ್ನೊಂದು ಕಡೆ ವಿಡಿಯೋ ಕಾಲ್‌ನಲ್ಲಿ ಸಂದರ್ಶನ ಮಾಡಿದಾಕೆ ಕೊನೆಗೆ ನಗುತ್ತಲೇ ಹೇಳಿದಳು: ನಿಮ್ಮ ಇಂಗ್ಲಿಷ್ ತುಂಬಾ ಚೆನ್ನಾಗಿದೆ, ಆದರೆ ಮಕ್ಕಳ ತಂದೆ ತಾಯಿಗೆ ಬೇಕಾಗಿರುವುದು ಬೇರೆ ಥರದ ಮುಖ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಸಿಟ್ಟು ಇಳಿದ ಮೇಲೆ ಇನ್ನೊಂದು ನೆನಪಾಯಿತು. ಹಾಸನದ ಆ ಖಾಸಗಿ ಶಾಲೆಗೆ ಕೆಲಸಕ್ಕೆ ಸೇರುವಾಗ ನನಗೆ ಕೇಳಿದ ಮೊದಲ ಪ್ರಶ್ನೆ ಏನು ಗೊತ್ತಾ? "ಸರ್, ನೀವು ಓದಿದ್ದು ಯಾವ ಮೀಡಿಯಂ?" ಕನ್ನಡ ಅಂದೆ. ಪೆನ್ನು ಕೆಳಗಿಟ್ಟರು. ಎಂಎ ಮಾರ್ಕ್ಸ್ ಕಾರ್ಡು ಮುಂದೆ ಇದ್ದರೂ ನನಗೆ ಕೊಟ್ಟದ್ದು ಆರು, ಏಳನೇ ಕ್ಲಾಸು. ಹೈಸ್ಕೂಲ್ ಹೋದದ್ದು ಕಾನ್ವೆಂಟಿನಲ್ಲಿ ಓದಿದ, ಬಿಎಡ್ ಇನ್ನೂ ಮುಗಿಸದ ಒಬ್ಬರಿಗೆ. ಆಗ ನನಗೆ ಅದು ಅನ್ಯಾಯ ಅಂತ ಅನಿಸಿರಲೂ ಇಲ್ಲ. ಇರೋದೇ ಹಾಗೆ ಅಂದುಕೊಂಡಿದ್ದೆ. ಅವರು ಪಾಸ್‌ಪೋರ್ಟ್ ನೋಡಿ ಇಂಗ್ಲಿಷ್ ಅಳೆದರೆ ನಾವು ಮೀಡಿಯಂ ನೋಡಿ ಅಳೆಯುತ್ತೇವೆ. ಇದನ್ನು ಒಪ್ಪಿಕೊಳ್ಳದೆ ಜಪಾನಿನವರನ್ನು, ಕೊರಿಯಾದವರನ್ನು ಬೈಯುವುದರಲ್ಲಿ ಅರ್ಥ ಇಲ್ಲ ಅನ್ನೋದು ನನ್ನ ಅನಿಸಿಕೆ.

ಥಾಯ್ಲೆಂಡಿನ ದಾರಿ ಬೇರೆ. ಅಲ್ಲೂ "ನೇಟಿವ್ ಸ್ಪೀಕರ್", ಅಂದರೆ ಇಂಗ್ಲಿಷೇ ಮಾತೃಭಾಷೆ ಆದವರು, ಅನ್ನೋ ಗೆರೆ ಇದೆ. ಆದರೆ ಗೆರೆಯ ಈಚೆ ಇರುವ ನಮ್ಮಂಥವರಿಗೆ ಒಂದು ಪರೀಕ್ಷೆ ಇಟ್ಟಿದ್ದಾರೆ. ಟೋಯಿಕ್ ಬರೆದು 990ಕ್ಕೆ 600 ತೆಗೆದರೆ ಅರ್ಜಿ ಮುಂದಕ್ಕೆ ಹೋಗುತ್ತದೆ. ಎರಡು ಗಂಟೆ, 200 ಪ್ರಶ್ನೆ, ಅರ್ಧ ಕೇಳಿಸಿಕೊಂಡು ಬರೆಯುವುದು, ಅರ್ಧ ಓದಿ ಬರೆಯುವುದು. ಎಂಎ ಮಾಡಿದವನಿಗೆ ಇದೇನು ಅಂತ ಮೊದಲು ಮೂಗು ಮುರಿದೆ. ಬರೆದ ಮೇಲೆ ಸಮಾಧಾನ ಆಯಿತು. ಯಾಕೆಂದರೆ ಅದು ನಾನು ಎಲ್ಲಿ ಹುಟ್ಟಿದೆ, ಯಾವ ಮೀಡಿಯಂ ಅಂತ ಕೇಳಲಿಲ್ಲ, ಇಂಗ್ಲಿಷ್ ಬರುತ್ತಾ ಅಂತ ಮಾತ್ರ ಕೇಳಿತು. ಇಷ್ಟು ವರ್ಷದಲ್ಲಿ ಹಾಗೆ ನೇರವಾಗಿ ಕೇಳಿದ್ದು ಅದೊಂದೇ. ನನ್ನ ತಕರಾರು ಇರೋದು ಗೆರೆಯ ಆಚೆಗಿನವರು ಅದನ್ನು ಬರೆಯಬೇಕಾಗಿಲ್ಲ ಅನ್ನೋದರ ಬಗ್ಗೆ. ಸಂಬಳವೂ ಅವರಿಗೇ ಜಾಸ್ತಿ, ಇದು ಅಲ್ಲಿ ಗುಟ್ಟೇನಲ್ಲ. ನಮ್ಮ ಜೊತೆ ಫಿಲಿಪ್ಪೀನ್ಸ್‌ನ ಟೀಚರುಗಳು ತುಂಬಾ ಜನ ಇದ್ದಾರೆ, ಪಾಠದಲ್ಲಿ ಅವರನ್ನು ಮೀರಿಸುವವರು ಕಡಿಮೆ. ತಿಂಗಳ ಕೊನೆಯಲ್ಲಿ ನಾವು ಒಂದೇ ಟೇಬಲ್‌ನಲ್ಲಿ ಕೂತು ಲೆಕ್ಕ ಹಾಕುತ್ತೇವೆ.

ಕಾಗದ ಪತ್ರದ ಕತೆಗೆ ಬರುತ್ತೇನೆ. ನಮ್ಮ ಕಡೆಯವರಿಗೆ ಇಲ್ಲಿ ಮೊದಲ ಎಡವಟ್ಟು ಹೆಸರಿನಲ್ಲೇ. ನಮಗೆ ಸರ್‌ನೇಮ್ ಅನ್ನೋದೇ ಇಲ್ಲ, ಇರೋದು ಇನಿಷಿಯಲ್. ಒಂದು ಅಕ್ಷರ ಊರಿನದು, ಇನ್ನೊಂದು ಅಪ್ಪನದು. ನನ್ನ ಹತ್ತನೇ ಕ್ಲಾಸಿನ ಕಾರ್ಡಿನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಡಿಗ್ರಿಯಲ್ಲಿ ಮುಂದೆ, ಆಧಾರ್‌ನಲ್ಲಿ ಇಲ್ಲವೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ ಕೂತಿದೆ. ನಾಲ್ಕು ದಾಖಲೆ, ನಾಲ್ಕು ಮನುಷ್ಯರು. ಇವರೆಲ್ಲ ಒಬ್ಬನೇ ಅಂತ ಸಾಬೀತು ಮಾಡಲು ಅಫಿಡವಿಟ್ ಮಾಡಿಸಿದೆ. ಚೆನ್ನೈನಲ್ಲಿ ವೀಸಾ ಕೌಂಟರಿನವರು ಮಿಸ್ಟರ್ ಅಂತ ಅಪ್ಪನ ಹೆಸರು ಕೂಗಿದಾಗ ನಾನು ಆರಾಮಾಗಿ ಕೂತೇ ಇದ್ದೆ. ಮೂರನೇ ಸಲ ಕೂಗಿದಾಗ ದಡಬಡಿಸಿ ಎದ್ದೆ. ಅಪ್ಪ ಬೆಂಗಳೂರು ದಾಟಿ ಹೋದವರೇ ಅಲ್ಲ, ನೋಡಿ.

ತಮಾಷೆ ಏನೆಂದರೆ ಥಾಯ್ ಜನರೂ ಈ ವಿಷಯದಲ್ಲಿ ನಮ್ಮಂತೆಯೇ. ಸರ್‌ನೇಮ್ ಇಟ್ಟುಕೊಳ್ಳಲೇಬೇಕು ಅಂತ ಅವರಿಗೆ ಕಾನೂನು ಬಂದದ್ದು 1913ರಲ್ಲಿ, ಆರನೇ ರಾಮ ಅನ್ನೋ ಅವರ ದೊರೆಯ ಕಾಲದಲ್ಲಿ. ಇವತ್ತಿಗೂ ಯಾರೂ ಯಾರನ್ನೂ ಸರ್‌ನೇಮ್ ಹಿಡಿದು ಕರೆಯುವುದಿಲ್ಲ. ಹೆಸರು, ಅದಕ್ಕಿಂತ ಜಾಸ್ತಿ ಅಡ್ಡಹೆಸರು. ನನ್ನ ಕ್ಲಾಸಿನಲ್ಲಿ ಬ್ಯಾಂಕ್ ಇದ್ದಾನೆ, ಐಸ್ ಇದ್ದಾಳೆ, ಬಿಯರ್ ಕೂಡ ಇದ್ದಾನೆ. ನಮ್ಮ ಪುಟ್ಟ, ಗುಂಡ, ಚಿನ್ನಿ ಇದ್ದಹಾಗೆ. ವೀಸಾ ಫಾರಂ ದಾಟಿ ಒಳಗೆ ಹೋದ ಮೇಲೆ ನಾನು ಮತ್ತೆ ನನ್ನ ಹೆಸರಿನ ಮೇಷ್ಟ್ರೇ ಆದೆ.

ಪೊಲೀಸ್ ಕ್ಲಿಯರೆನ್ಸ್‌ಗೆ ಬೆಂಗಳೂರಿಗೆ ಹೋಗಬೇಕಾಗಲಿಲ್ಲ, ಹಾಸನದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರದಲ್ಲೇ ಆಯಿತು. ಶುಲ್ಕ 500 ರೂಪಾಯಿ. ಆಮೇಲೆ ಪೊಲೀಸರೊಬ್ಬರು ಬೈಕಿನಲ್ಲಿ ಮನೆಗೆ ಬಂದರು. ಅವ್ವ ಕಾಫಿ ಕೊಟ್ಟಳು. ಅವರು ಕಾಗದ ನೋಡಿದ್ದು ಎರಡು ನಿಮಿಷ, ಕೂತಿದ್ದು ಮುಕ್ಕಾಲು ಗಂಟೆ. ಹೋಗುವಾಗ "ಇಂಗ್ಲಿಷ್ ಮೇಷ್ಟ್ರಾ? ಹೋಗೋದ್ರೊಳಗೆ ನಮ್ ಹುಡ್ಗಿಗೂ ಒಸಿ ಗ್ರಾಮರ್ ಹೇಳ್ಕೊಡಿ" ಅಂದರು. ಹೇಳಿಕೊಟ್ಟೆ, ಎರಡು ಭಾನುವಾರ.

ಡಿಗ್ರಿ ಸರ್ಟಿಫಿಕೇಟಿನದು ಉದ್ದದ ದಾರಿ. ಒಂದು ದೇಶ ಒಂದೇ ಸ್ಟಿಕ್ಕರ್ ಹಚ್ಚಿ ಅಸಲಿ ಅಂದ ದಾಖಲೆಯನ್ನು ಉಳಿದ ದೇಶಗಳೂ ಒಪ್ಪುವುದಕ್ಕೆ ಅಪಾಸ್ಟಿಲ್ ಅನ್ನೋ ಒಪ್ಪಂದ ಇದೆ, ಭಾರತ 2005ರಲ್ಲೇ ಅದಕ್ಕೆ ಸೇರಿದೆ. ಆದರೆ ನಾನು ಅರ್ಜಿ ಹಾಕಿದ 2023ರಲ್ಲಿ ಥಾಯ್ಲೆಂಡ್ ಅದರಲ್ಲಿ ಇರಲಿಲ್ಲ. ಹಾಗಾಗಿ ಒಂದು ಸ್ಟಿಕ್ಕರ್‌ಗೆ ಮುಗಿಯಲಿಲ್ಲ. ವಿಶ್ವವಿದ್ಯಾಲಯದಿಂದ ಸರ್ಟಿಫಿಕೇಟ್ ಅಸಲಿ ಅಂತ ಪತ್ರ, ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ಮುದ್ರೆ, ಆಮೇಲೆ ವಿದೇಶಾಂಗ ಇಲಾಖೆಯ ಮುದ್ರೆ, ಕೊನೆಗೆ ಥಾಯ್ ಕಾನ್ಸುಲೇಟಿನ ಮುದ್ರೆ. ವಿದೇಶಾಂಗ ಇಲಾಖೆ ತಾನು ತಗೊಳ್ಳೋದು ಅಪಾಸ್ಟಿಲ್‌ಗೆ 50 ರೂಪಾಯಿ, ಬರೀ ಅಟೆಸ್ಟೇಶನ್‌ಗೆ ಏನೂ ಇಲ್ಲ, ಕಾಗದ ಸ್ವೀಕರಿಸುವ ಏಜೆನ್ಸಿಯ ಸಣ್ಣ ಶುಲ್ಕ ಬೇರೆ. ಇದನ್ನು ನಾನು ತಿಳಿದದ್ದು, ಊರ ಕಡೆಯ ಒಬ್ಬ ಏಜೆಂಟ್ ಅದಕ್ಕೇ ಹದಿನೆಂಟು ಸಾವಿರ ಕೇಳಿ, ನಾನು ಅರ್ಧ ಕೊಟ್ಟು ಆದ ಮೇಲೆ. ನಿಯಮ ಎಲ್ಲ ಬರೆದು ಹಾಕಿರುತ್ತಾರೆ. ಓದೋ ಅಭ್ಯಾಸ ನಮಗಿಲ್ಲ. ಗೊತ್ತಿರೋರು ಯಾರಿದ್ದಾರೆ ಅಂತ ಮೊದಲು ಹುಡುಕುತ್ತೇವೆ. ಇಂಗ್ಲಿಷ್ ಎಂಎ ಮಾಡಿದ ನಾನೇ ಹೀಗೆ.

ಶಾಲೆಯವರು ಅಲ್ಲಿನ ಕಾರ್ಮಿಕ ಇಲಾಖೆಯಿಂದ ಒಪ್ಪಿಗೆ ಪತ್ರ ಕಳಿಸಿದರು, ನಾನ್-ಇಮಿಗ್ರಂಟ್ ಬಿ ಅನ್ನೋ ವೀಸಾ ಸಿಕ್ಕಿತು. (ಆಗ ಕಾಗದ ಹಿಡಿದು ಹೋಗಬೇಕಿತ್ತು, 2025ರ ಜನವರಿಯಿಂದ ಆನ್‌ಲೈನ್.) ಅದರಲ್ಲಿ ಮೊದಲು 90 ದಿನ ಕೊಡುತ್ತಾರೆ. ಅಷ್ಟರೊಳಗೆ ಶಾಲೆ ವರ್ಕ್ ಪರ್ಮಿಟ್ ಮಾಡಿಸಬೇಕು, ಅವರ ಶಿಕ್ಷಕರ ಮಂಡಳಿ ಖುರುಸಫಾದಿಂದ ತಾತ್ಕಾಲಿಕ ಅನುಮತಿ ತರಬೇಕು. ಆಮೇಲೆ ವರ್ಷದ ವಿಸ್ತರಣೆ, ಶುಲ್ಕ 1,900 ಬಾತ್ (ಬಾತ್ ಅಂದರೆ ಅಲ್ಲಿನ ದುಡ್ಡು). ಪ್ರತಿ ಜೆರಾಕ್ಸಿನ ಮೇಲೂ ನೀಲಿ ಪೆನ್ನಿನಲ್ಲಿ ಸಹಿ. ಒಂದು ಸಲ ಲೆಕ್ಕ ಹಾಕಿದೆ, ಒಂದೇ ಬೆಳಗ್ಗೆ 43 ಸಹಿ. ನನ್ನ ಪರ್ಮಿಟ್ ಪುಸ್ತಕದಲ್ಲಿ ಇಸವಿ 2566 ಅಂತ ಇತ್ತು. ಅವರ ಲೆಕ್ಕ ಬುದ್ಧನದು, ನಮಗಿಂತ 543 ವರ್ಷ ಮುಂದೆ. ಅವ್ವನಿಗೆ ಫೋನಿನಲ್ಲಿ ಹೇಳಿದರೆ ನಂಬಲಿಲ್ಲ.

ಇನ್ನೊಂದು ಫಾರಂ ನನಗೆ ತುಂಬಾ ಇಷ್ಟ, ಟಿಎಂ 30. ಹೊರದೇಶದವನು ಮನೆಗೆ ಬಂದರೆ 24 ಗಂಟೆಯೊಳಗೆ ಮನೆ ಮಾಲೀಕ ಇಮಿಗ್ರೇಶನ್‌ಗೆ ತಿಳಿಸಬೇಕು. ನಮ್ಮೂರಲ್ಲಿ ಇದಕ್ಕೆ ಫಾರಂ ಬೇಡ. ಬಸ್ ಇಳಿದು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಪೆಟ್ಟಿಗೆ ಅಂಗಡಿಯಿಂದ "ಯಾರ್ ಮನೆಗೆ ಬಂದಿದ್ದು?" ಅಂತ ಕೇಳಿ ಆಗಿರುತ್ತದೆ. ಸಂಜೆಯೊಳಗೆ ಊರಿಗೆಲ್ಲ ಗೊತ್ತು, ಯಾವಾಗ ವಾಪಸ್ ಅನ್ನೋದೂ ಗೊತ್ತು.

ಇಷ್ಟೆಲ್ಲ ದಾಟಿ ಕ್ಲಾಸಿಗೆ ಹೋದೆ ಅಂತ ಇಟ್ಟುಕೊಳ್ಳಿ. ಈಶಾನ್ಯ ಥಾಯ್ಲೆಂಡಿನ ಖೋನ್ ಕೇನ್ ಕಡೆಯ ಊರು, ಹೈಸ್ಕೂಲ್ ಮಕ್ಕಳು. ಮೊದಲ ದಿನ ಅವರ ಇಂಗ್ಲಿಷ್ ನನಗೆ ಅರ್ಥ ಆಗಲಿಲ್ಲ. ಥಾಯ್ ಬಾಯಿಗೆ ಪದದ ಕೊನೆಯ ಎಷ್ಟೋ ವ್ಯಂಜನ ಒಗ್ಗುವುದಿಲ್ಲ. ನುಂಗಿಬಿಡುತ್ತಾರೆ, ಇಲ್ಲ ಬದಲಾಯಿಸುತ್ತಾರೆ. ಕೊನೆಗೆ "ಲ್" ಬಂದರೆ ಅದು "ನ್" ಆಗುತ್ತದೆ, ಫುಟ್‌ಬಾಲ್ ಹೋಗಿ "ಫುಟ್‌ಬಾನ್". ನಮ್ಮದು ಉಲ್ಟಾ. ನಾವು ಕೊನೆಯಲ್ಲಿ ಒಂದು ಸ್ವರ ಸೇರಿಸುತ್ತೇವೆ: ಬಸ್ಸು, ಕಾರು, ಇಸ್ಕೂಲು. ಅವರು ಕಳೆಯುತ್ತಾರೆ, ನಾವು ಕೂಡುತ್ತೇವೆ. ಜೊತೆಗೆ ನಮ್ಮ ಕಡೆ "ಹ" ಅನ್ನೋ ಅಕ್ಷರದ ಪಾಡು ನಿಮಗೆ ಗೊತ್ತಲ್ಲ. ಹಾಸನಕ್ಕೇ "ಆಸ್ನ" ಅನ್ನೋ ಜನ ನಾವು. ಹೌಸ್ ಅನ್ನೋದನ್ನು "ಔಸ್" ಅಂತ ಓದಿದ್ದಕ್ಕೆ ಆರನೇ ಕ್ಲಾಸಿನಲ್ಲಿ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು ಗಾಜಿನ ಮೇಲೆ ಉಸಿರು ಮಂಜಾಗುವವರೆಗೆ "ಹ ಹ ಹ" ಅಂತ ಅಭ್ಯಾಸ ಮಾಡಿದ್ದೆ.

ಅದೇ ಉಪಾಯ ಇಲ್ಲಿ ಕೆಲಸಕ್ಕೆ ಬಂತು. ಐಸ್ ಅನ್ನೋ ಹುಡುಗಿಗೆ ಅವಳ ಹೆಸರಿನ ಕೊನೆಯ "ಸ್" ಹೇಳಲು ಬರುತ್ತಿರಲಿಲ್ಲ, "ಐ" ಅಂತ ನಿಲ್ಲಿಸುತ್ತಿದ್ದಳು. ಬಾಯಿಯ ಮುಂದೆ ತೆಳುವಾದ ಕಾಗದದ ಚೂರು ಹಿಡಿಸಿದೆ. ಕೊನೆಯಲ್ಲಿ ಗಾಳಿ ಬಂದು ಕಾಗದ ಅಲುಗಿದರೆ ಗೆದ್ದೆ ಅಂದೆ. ಮೂರನೇ ದಿನ ಕಾಗದ ಅಲುಗಿತು, ಇಡೀ ಕ್ಲಾಸು ಚಪ್ಪಾಳೆ ಹೊಡೆಯಿತು. ಆ ಶಾಲೆಯಲ್ಲಿ ಇಂಗ್ಲೆಂಡಿನ ಒಬ್ಬ ಟೀಚರ್ ಇದ್ದ, ಒಳ್ಳೆಯ ಹುಡುಗ. ನೀನು ಇದನ್ನೆಲ್ಲ ಎಲ್ಲಿ ಕಲಿತೆ ಅಂತ ಕೇಳಿದ. ಅವನಿಗೆ "ಸ್" ಯಾವತ್ತೂ ಕಷ್ಟ ಆಗಿಯೇ ಇರಲಿಲ್ಲ, ಹಾಗಾಗಿ ನಾಲಿಗೆ ಎಲ್ಲಿ ಇಡಬೇಕು ಅಂತ ಯೋಚಿಸಿಯೂ ಇರಲಿಲ್ಲ. ನನ್ನ ಕನ್ನಡ ಮೀಡಿಯಂ ನನಗೆ ಕೊಟ್ಟದ್ದು ಇದನ್ನೇ, ಆದರೆ ಯಾವ ವೀಸಾ ಫಾರಂನಲ್ಲೂ ಅದಕ್ಕೆ ಕಾಲಂ ಇಲ್ಲ. ಹಾಸನದ ಶಾಲೆಯ ಅರ್ಜಿಯಲ್ಲೂ ಇರಲಿಲ್ಲ.

ಥಾಯ್ ಶಾಲೆಗಳಲ್ಲಿ ಸಾಮಾನ್ಯವಾಗಿ ಜೂನ್ ತಿಂಗಳ ಒಂದು ಗುರುವಾರ ವಾಯ್ ಖ್ರು ಅಂತ ಗುರುವಂದನೆ ಮಾಡುತ್ತಾರೆ. ಖ್ರು ಅಂದರೆ ಗುರು. ಮಕ್ಕಳು ಸಾಲಾಗಿ ಮಂಡಿಯೂರಿ ಬಂದು ಹೂವಿನ ತಟ್ಟೆ ಕೊಡುತ್ತಾರೆ. ಮೊದಲ ವರ್ಷ ತಟ್ಟೆ ನೋಡಿ ನಾನು ಬೆಪ್ಪಾದೆ. ಕೇಪಳ ಹೂವು, ಬದನೆ ಹೂವು, ಗರಿಕೆ. ಸಕಲೇಶಪುರದ ಕಡೆ ಗುಡ್ಡದಲ್ಲಿ ಸುಮ್ನೆ ಬೆಳೆದಿರುತ್ತಲ್ಲ, ಅದೇ ಕೇಪಳ. ಅದರ ಮೊಗ್ಗು ಚೂಪು, ಬುದ್ಧಿಯೂ ಹಾಗಿರಲಿ ಅಂತ. ಬದನೆ ಹೂವು ತಲೆ ಬಗ್ಗಿಸಿರುತ್ತದೆ, ವಿನಯ. ಗರಿಕೆ ತುಳಿದರೂ ಹಬ್ಬುತ್ತದೆ. ಫೋಟೋ ತೆಗೆದು ಅವ್ವನಿಗೆ ಕಳಿಸಿದೆ. "ಯಾವ್ ದೇವಸ್ಥಾನಕ್ಕೆ ಹೋಗಿದ್ದೆ?" ಅಂತ ಕೇಳಿದಳು.

ಮಾವನಿಗೆ ಇಷ್ಟೆಲ್ಲ ಹೇಳಲಿಲ್ಲ. ಅವರು ಅಸಲು ಮಾತಾಡಲು ಬಂದದ್ದು ತಮ್ಮ ಮಗನ ವಿಷಯ. ಅವನೂ ಬಿಎಡ್ ಮಾಡಿದ್ದಾನೆ. ಯಾರೋ ಏಜೆಂಟ್, ಪ್ರವಾಸಕ್ಕೆ ಅಂತ ಹೋಗಿ, ಅಲ್ಲೇ ಶಾಲೆ ಸೇರಿಕೊಂಡರಾಯಿತು, ವೀಸಾ ಆಮೇಲೆ ನೋಡಿಕೊಳ್ಳೋಣ ಅಂದಿದ್ದಾನಂತೆ. ಬೇಡವೇ ಬೇಡ ಅಂದೆ. ಪರ್ಮಿಟ್ ಇಲ್ಲದೆ ಪಾಠ ಮಾಡಿ ಸಿಕ್ಕಿಬಿದ್ದರೆ 5,000ದಿಂದ 50,000 ಬಾತ್ ದಂಡ, ಮೇಲೆ ದೇಶದಿಂದ ಹೊರಗೆ. ಅಂಥ ಒಬ್ಬನನ್ನು ಕಣ್ಣಾರೆ ನೋಡಿದ್ದೇನೆ, ನಮ್ಮ ರಾಜ್ಯದವನೇ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದು ಮಗನ ಜೆರಾಕ್ಸುಗಳನ್ನು ಟೇಬಲ್ ಮೇಲೆ ಹರಡಿದರು, ಕಾಫಿ ಕಲೆ ಆಗದ ಹಾಗೆ ಲೋಟ ಆಚೆ ಸರಿಸಿ. ನಾನು ಮೊದಲು ನೋಡಿದ್ದು ಹೆಸರು. ಹತ್ತನೇ ಕ್ಲಾಸಿನದರಲ್ಲಿ ಇನಿಷಿಯಲ್ ಎರಡು, ಡಿಗ್ರಿಯಲ್ಲಿ ಒಂದೇ.