ಅಮೆರಿಕಕ್ಕೇ ಗೊತ್ತಿಲ್ಲದ ಅಮೆರಿಕನ್ ಚಾಪ್ಸಿ

ಕರ್ನಾಟಕದ ಯಾವುದೇ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರು ಒಂದು ‘ಫ್ಯಾಮಿಲಿ ರೆಸ್ಟೋರೆಂಟ್’ ಇದ್ದೇ ಇರುತ್ತದೆ. ಒಳಗೆ ಕೂತು, ಎಣ್ಣೆ ಕೈಗಳ ಗುರುತು ಹೊತ್ತ ಮೆನು ತೆರೆಯಿರಿ. ‘ಚೈನೀಸ್’ ಎಂಬ ತಲೆಬರಹದ ಕೆಳಗೆ, ಗೋಬಿ ಮಂಚೂರಿಗೂ ಶೆಜ್ವಾನ್ ಫ್ರೈಡ್ ರೈಸಿಗೂ ನಡುವೆ, ಒಬ್ಬ ಅಮೆರಿಕನ್ ಅಡಗಿ ಕೂತಿರುತ್ತಾನೆ: ಕರಿದ ನೂಡಲ್ಸಿನ ಮೇಲೆ ಕೆಂಪು ಸಾಸು, ಮೊಟ್ಟೆ ಹೊತ್ತ ಅಮೆರಿಕನ್ ಚಾಪ್ಸಿ. ಪಕ್ಕದ ಹೋಟೆಲಿನಲ್ಲಿ ಅವನೇ ಚೋಪ್ಸಿ, ಅದರಾಚೆಯದರಲ್ಲಿ ಚಾಪ್ಸೂಯ್. ಹೋಟೆಲಿಗೆ ಮನೆದೇವರ ಹೆಸರು, ತಿಂಡಿಗೆ ಅಮೆರಿಕದ ಹೆಸರು, ವಿಭಾಗ ಚೀನಾದ್ದು, ಬಾಣಲೆ ಹಿಡಿದವನು ನೇಪಾಳದವನು, ತಡವಾಯಿತೆಂದು ಬಯ್ಯುವವರು ಕನ್ನಡಿಗರು. ವಿಶ್ವಸಂಸ್ಥೆ ಇಷ್ಟು ವರ್ಷಗಳಿಂದ ಒದ್ದಾಡುತ್ತಿರುವ ಕೆಲಸ ಇಲ್ಲಿ ಹದಿನೈದು ನಿಮಿಷದಲ್ಲಿ ತಟ್ಟೆಗೆ ಬರುತ್ತದೆ.

ಇದನ್ನು ಅಮೆರಿಕದವರಿಗೆ ತೋರಿಸಿದರೆ ‘ಇದು ಯಾವ ದೇಶದ್ದು’ ಎಂದು ಕೇಳುತ್ತಾರೆ. ಅಲ್ಲೂ ‘ಅಮೆರಿಕನ್ ಚಾಪ್ ಸೂಯಿ’ ಎಂಬ ಪದಾರ್ಥ ಇದೆ, ಇಲ್ಲವೆಂದಲ್ಲ. ಅದು ನ್ಯೂ ಇಂಗ್ಲೆಂಡ್ ಕಡೆಯ ಶಾಲೆಗಳ ಮಧ್ಯಾಹ್ನದ ಊಟ: ಬೇಯಿಸಿದ ಮ್ಯಾಕರೋನಿ, ಕೊಚ್ಚಿದ ದನದ ಮಾಂಸ, ಟೊಮೆಟೊ, ಈರುಳ್ಳಿ. ಅದರಲ್ಲಿ ಕರಿದ ನೂಡಲ್ಸ್ ಇಲ್ಲ, ಎಲೆಕೋಸಿಲ್ಲ, ನೆತ್ತಿಯ ಮೇಲೆ ಮೊಟ್ಟೆಯಿಲ್ಲ. ಇನ್ನು ಬರೀ ಚಾಪ್ ಸೂಯಿ ಎಂಬುದು ಚೀನಾದ ಗುವಾಂಗ್‌ಡಾಂಗ್ ಕಡೆಯಿಂದ ವಲಸೆ ಹೋದವರು ಅಮೆರಿಕದಲ್ಲಿ ಮಾಡಿ ಮಾರಿದ್ದು. ಚೂರುಪಾರು ಬೆರಕೆ ಎಂಬುದಷ್ಟೇ ಆ ಹೆಸರಿನ ಅರ್ಥ. ನಮ್ಮ ಮನೆಗಳಲ್ಲಿ ರಾತ್ರಿ ಉಳಿದದ್ದನ್ನೆಲ್ಲ ಸೇರಿಸಿ ಒಗ್ಗರಣೆ ಹಾಕುತ್ತಾರಲ್ಲ, ಅದೇ ಗೋತ್ರ. ಹಾಗಾದರೆ ನಮ್ಮ ಚಾಪ್ಸಿಯಲ್ಲಿ ಅಮೆರಿಕದ್ದು ಅಂತ ಏನಿದೆ? ಕೆಚಪ್ ಇದೆ. ಅದರ ಹೆಸರೂ ಚೀನಾದ ಹೊಕ್ಕಿಯೆನ್ ಮಾತಿನ ಮೀನಿನ ಸಾಸಿನದು. ಬಾಟಲಿ ಮಾತ್ರ ಅಮೆರಿಕದ್ದು ಅನ್ನಬಹುದು.

ಹೆಸರು ಸುಳ್ಳಾದರೂ ಕೆಲಸ ಸುಳ್ಳಲ್ಲ. ಚಾಪ್ಸಿ ನೆಟ್ಟಗೆ ಮಾಡುವುದು ಮಸಾಲೆದೋಸೆಯಷ್ಟೇ ಕಷ್ಟ, ಅದು ಕೆಡಲು ಇರುವ ದಾರಿಗಳು ದೋಸೆಗಿಂತ ಹೆಚ್ಚು. ನೂಡಲ್ಸನ್ನು ಪೂರ್ತಿ ಬೇಯಿಸಬಾರದು. ಉಗುರಲ್ಲಿ ಒತ್ತಿದರೆ ನಡುವೆ ಒಂದು ಬಿಳಿ ಚುಕ್ಕೆ ಉಳಿದಿರುವಾಗಲೇ ಬಸಿದು ತಣ್ಣೀರು ಹಾಯಿಸಬೇಕು. ಆಮೇಲಿನ ಅರ್ಧ ಗಂಟೆ ಬಟ್ಟೆಯ ಮೇಲೆ ಹರಡಿ ಆರಲು ಬಿಡುವುದಿದೆಯಲ್ಲ, ಎಲ್ಲರೂ ಕದಿಯುವ ಹೆಜ್ಜೆ ಅದೇ. ಒದ್ದೆ ನೂಡಲ್ಸ್ ಎಣ್ಣೆಗೆ ಬಿದ್ದರೆ ಒಳಗಿನ ನೀರು ಆವಿಯಾಗಿ ಎಣ್ಣೆ ನೊರೆಗಟ್ಟಿ ಉಕ್ಕುತ್ತದೆ, ಶಾಖ ದಿಢೀರನೆ ಇಳಿಯುತ್ತದೆ, ಇಳಿದ ಎಣ್ಣೆಯನ್ನು ನೂಡಲ್ಸ್ ಕುಡಿಯುತ್ತದೆ. ಮುರಿದರೆ ಸದ್ದು ಬರಬೇಕಾದಲ್ಲಿ ಬೆರಳಿಗೆ ಜಿಡ್ಡು ಬರುತ್ತದೆ. ಆರಿದ ಮೇಲೆ ತಟ್ಟೆಗೊಂದು ಹಿಡಿಯಂತೆ ತೆಗೆದು, ಒಂದು ಚಮಚ ಕಾರ್ನ್‌ಫ್ಲೋರ್ ಉದುರಿಸಿ, ಸುಮಾರು 180 ಡಿಗ್ರಿ ಕಾದ ಎಣ್ಣೆಗೆ ಬಿಟ್ಟು, ಜಾಲರಿ ಸೌಟಿನಿಂದ ಅಂಚು ಒತ್ತುತ್ತಾ ಹಕ್ಕಿಗೂಡಿನ ಆಕಾರ ತರಬೇಕು. ಎರಡು–ಮೂರು ನಿಮಿಷ ಸಾಕು. ಬಣ್ಣ ಜೇನಿನದಾಗಬೇಕು, ಕಾಫಿಯದಾದರೆ ಕಹಿ.

ಸಾಸಿಗೆ, ಒಂದು ತಟ್ಟೆಯ ಲೆಕ್ಕದಲ್ಲಿ, ಒಂದು ಹಿಡಿ ಎಲೆಕೋಸು, ಕ್ಯಾರೆಟ್, ದೊಣ್ಣೆ ಮೆಣಸಿನಕಾಯಿ ಉದ್ದುದ್ದ ಹೆಚ್ಚಿದ್ದು, ನಾಲ್ಕು ದೊಡ್ಡ ಚಮಚ ಕೆಚಪ್, ಒಂದು ಸಣ್ಣ ಚಮಚ ಚಿಲ್ಲಿ ಸಾಸ್, ಅರ್ಧ ಚಮಚ ಸೋಯಾ, ಒಂದೂವರೆ ಚಮಚ ಸಕ್ಕರೆ, ಒಂದು ಲೋಟ ನೀರು. ಸೋಯಾ ಕೈ ಜಾರಿತೋ, ಕೆಂಪು ಹೋಗಿ ಕಟ್ಟಿಗೆ ಡಿಪೋದ ಬಣ್ಣ. ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲೇ ಕದಡಿ ಸಾಸಿಗೆ ಬೆರೆಸಬೇಕು. ಬಿಸಿನೀರಿಗೆ ಹಾಕಿದರೆ ಹೊರಗೆ ಗಂಜಿ, ಒಳಗೆ ಒಣಹಿಟ್ಟಿನ ಗಂಟು. ವಿನಿಗರ್ ಕಟ್ಟಕಡೆಗೆ, ಒಲೆ ಆರಿಸುವ ಮುಂಚೆ. ಮೊದಲೇ ಸುರಿದು ಕುದಿಸಿದರೆ ಹುಳಿ ಪಿಷ್ಟವನ್ನು ಒಡೆದು, ಕನ್ನಡಿಯಂತೆ ಹೊಳೆಯಬೇಕಿದ್ದ ಸಾಸು ಹತ್ತು ನಿಮಿಷದಲ್ಲಿ ತಿಳಿಸಾರಾಗುತ್ತದೆ. ನಂತರ ಗೂಡಿನ ಮೇಲೆ ಸಾಸು, ಸಾಸಿನ ಮೇಲೆ ಅಂಚು ಗರಿಗರಿ, ನಡುವೆ ಹಳದಿ ಇನ್ನೂ ನಡುಗುವ ಮೊಟ್ಟೆ. ಶುದ್ಧ ಸಸ್ಯಾಹಾರಿ ಹೋಟೆಲಿನಲ್ಲಿ ಆ ಮೊಟ್ಟೆಯ ಜಾಗದಲ್ಲಿ ಅನಾನಸಿನ ಒಂದು ಬಿಲ್ಲೆ ಕೂತಿರುತ್ತದೆ, ನೋಡಲು ಮೊಟ್ಟೆಯ ದೂರದ ಸಂಬಂಧಿಯಂತೆ.

ತಂದಿಟ್ಟ ಮೇಲೆ ಆಯುಷ್ಯ ಐದಾರು ನಿಮಿಷ. ಇಂಥದ್ದನ್ನು ಒಂದೇ ಡಬ್ಬಿಯಲ್ಲಿ ಸಾಸಿನ ಸಮೇತ ಮುಚ್ಚಿ, ನಲವತ್ತು ನಿಮಿಷ ಟ್ರಾಫಿಕ್ಕಿನಲ್ಲಿ ಮೆರವಣಿಗೆ ಮಾಡಿಸಿ ಮನೆಗೆ ತರಿಸಿಕೊಂಡು, ‘ಮೆತ್ತಗಿತ್ತು’ ಎಂದು ಒಂದು ಸ್ಟಾರ್ ಕೊಡುವ ಜನ ಇದ್ದಾರೆ. ಮದುವೆಮನೆಯ ಹಪ್ಪಳವನ್ನು ಸಾಂಬಾರಿನ ಬಕೆಟ್ಟಿನಲ್ಲಿ ಹಾಕಿ ಪಾರ್ಸೆಲ್ ಒಯ್ಯುವವರನ್ನು ಮಾತ್ರ ಎಲ್ಲೂ ಕಾಣೆ.

‘ಅಮೆರಿಕನ್’ ಎಂಬುದು ದೇಶದ ಹೆಸರಲ್ಲ, ಮಸಾಲೆಯ ಹೆಸರು ಎಂದು ತಿಳಿದರೆ ಎಲ್ಲ ಸರಿಹೋಗುತ್ತದೆ. ಅದನ್ನು ಒಂದು ಚಿಟಿಕೆ ಉದುರಿಸಿದರೆ ಬೆಲೆ ಉಬ್ಬುತ್ತದೆ. ಸಂತೆ, ಜಾತ್ರೆ, ಮಾಲ್ ಎಲ್ಲಿ ನೋಡಿದರೂ ‘ಅಮೆರಿಕನ್ ಸ್ವೀಟ್ ಕಾರ್ನ್’ ಗಾಡಿ. ತೆನೆ ಬೆಳೆದವನು ನಮ್ಮ ಬಯಲುಸೀಮೆಯ ರೈತ, ಬೆಣ್ಣೆ ನಮ್ಮದು, ಮೇಲೆ ಬೀಳುವ ಚಾಟ್ ಮಸಾಲೆ ಉತ್ತರ ಭಾರತದ್ದು, ನಿಂಬೆಹಣ್ಣು ಪಕ್ಕದ ಅಂಗಡಿಯದು. ಇದೇ ಜೋಳವನ್ನು ಕೆಂಡದ ಮೇಲೆ ಸುಟ್ಟು ‘ಮುಸುಕಿನ ಜೋಳ’ ಎಂದು ಮಾರಿದರೆ ಚೌಕಾಸಿ ಮಾಡುತ್ತೇವೆ. ಕಾಳು ಬಿಡಿಸಿ ಕಾಗದದ ಕಪ್ಪಿಗೆ ಹಾಕಿ ‘ಅಮೆರಿಕನ್’ ಎಂದರೆ ಬಾಯಿ ಮುಚ್ಚಿಕೊಂಡು ಸ್ಕ್ಯಾನ್ ಮಾಡುತ್ತೇವೆ. ಮಾಮೂಲಿ ಸಿಹಿಜೋಳದ ಸಕ್ಕರೆ ಕೊಯ್ದ ಗಳಿಗೆಯಿಂದಲೇ ಪಿಷ್ಟವಾಗತೊಡಗುತ್ತದೆ. ಬಿಸಿಲಲ್ಲಿ ಬಿದ್ದರೆ ಸಿಹಿ ಬಲುಬೇಗ ಕರಗುತ್ತದೆ. ಬೆಳಿಗ್ಗೆಯಿಂದ ಹಬೆಪಾತ್ರೆಯಲ್ಲಿ ಕೂತು ಸಿಪ್ಪೆ ಸುಕ್ಕಾದ ಕಾಳಿಗೆ ಅಷ್ಟೊಂದು ಮಸಾಲೆ ಏಕೆ ಬೇಕಾಗುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಡ.

ಇನ್ನು ನಿಜವಾಗಿ ಅಮೆರಿಕದಿಂದ ಬಂದದ್ದಕ್ಕೆ ನಾವಿಟ್ಟ ಹೆಸರು ನೋಡಿ: ಬಾಂಬೆ ಮಿಠಾಯಿ. ಸಕ್ಕರೆಯನ್ನು ತಿರುಗುವ ಬಿಸಿ ತಲೆಯೊಳಗೆ ಕರಗಿಸಿ, ಸಣ್ಣ ರಂಧ್ರಗಳಿಂದ ಎಸೆದು, ಗಾಳಿಯಲ್ಲಿ ನೂಲಾಗಿಸುವ ಯಂತ್ರ ಕಂಡುಹಿಡಿದವರು 1897ರಲ್ಲಿ ಟೆನ್ನೆಸಿಯ ನ್ಯಾಶ್‌ವಿಲ್‌ನ ವಿಲಿಯಂ ಮಾರಿಸನ್ ಮತ್ತು ಜಾನ್ ವಾರ್ಟನ್. ಮಾರಿಸನ್ ಹಲ್ಲಿನ ಡಾಕ್ಟರ್! ಗಿರಾಕಿಯನ್ನು ಸ್ವಂತ ಕೈಯಿಂದ ತಯಾರಿಸಿಕೊಳ್ಳುವ ಇಂಥ ದೂರದೃಷ್ಟಿ ನಮ್ಮ ಯಾವ ಉದ್ಯಮಿಗೂ ಬಂದಿಲ್ಲ. 1904ರ ಸೇಂಟ್ ಲೂಯಿಸ್ ಜಾಗತಿಕ ಮೇಳದಲ್ಲಿ ಅದು ಡಬ್ಬಿಗೆ 25 ಸೆಂಟಿನಂತೆ ಭರ್ಜರಿಯಾಗಿ ಮಾರಾಟವಾಯಿತು. ನಮ್ಮ ಜಾತ್ರೆಗೆ ಬರುವಷ್ಟರಲ್ಲಿ ಅದಕ್ಕೆ ಮುಂಬೈ ವಿಳಾಸ, ಗುಲಾಬಿ ಬಣ್ಣ. ಆ ಗುಲಾಬಿಯಲ್ಲಿ ಬಟ್ಟೆಗೆ ಹಾಕುವ ರೋಡಮೈನ್–ಬಿ ಸಿಕ್ಕಿತೆಂದು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ಕೃತಕ ಬಣ್ಣ ನಿಷೇಧಿಸಿತು. ಅದೇ ಆದೇಶದಲ್ಲಿ ಗೋಬಿ ಮಂಚೂರಿಯೂ ಸಿಕ್ಕಿಬಿತ್ತು: ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತ.

ಬೆಂಗಳೂರಿಗೆ ಈ ಬಗೆಯ ಪರೀಕ್ಷೆ ಹೊಸದಲ್ಲ. 1995ರ ಜೂನ್‌ನಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಂಟಕಿ ಫ್ರೈಡ್ ಚಿಕನ್ ಬಾಗಿಲು ತೆರೆಯಿತು. ಕೆಲವೇ ತಿಂಗಳಲ್ಲಿ ಮಹಾನಗರ ಪಾಲಿಕೆ ಮಾದರಿ ಒಯ್ದು, ಅಜಿನೊಮೊಟೊ ಶೇ 1ರ ಮಿತಿ ಮೀರಿ ಶೇ 2.8 ಇದೆ ಎಂದು ಬೀಗ ಹಾಕಿಸಿತು. ಹೈಕೋರ್ಟ್ ತಡೆಯಾಜ್ಞೆಯಿಂದ ಬೀಗ ತೆರೆಯಿತು. 1996ರ ಜನವರಿಯಲ್ಲಿ ರೈತ ಸಂಘದ ಕಾರ್ಯಕರ್ತರು ನುಗ್ಗಿ ಕುರ್ಚಿ, ಗಾಜು ಪುಡಿಗಟ್ಟಿದರು. ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ಎತ್ತಿದ ಪ್ರಶ್ನೆಗಳು ಬೀಜದ್ದು, ಬೇಸಾಯದ್ದು, ಬಹುರಾಷ್ಟ್ರೀಯ ಕಂಪನಿಗಳದ್ದು. ಅವು ಇಂದಿಗೂ ಹಗುರವಲ್ಲ. ಹಗುರಾದದ್ದು ತಕ್ಕಡಿ. ಅಜಿನೊಮೊಟೊವನ್ನು ದಶಾಂಶ ಬಿಂದುವಿನವರೆಗೆ ತೂಗಿದ ಅದೇ ಊರಿನ ಬೀದಿಬದಿಯಲ್ಲಿ, ಅದೇ ಬಿಳಿ ಹರಳನ್ನು ಗೋಬಿ ಗಾಡಿಯವನು ಸೌಟಿನ ಬೆನ್ನಿನಿಂದ ಅಳೆಯುತ್ತಿದ್ದ. ಅವನಿಗೆ ಕೆಂಟಕಿಯ ವಿಳಾಸವಿರಲಿಲ್ಲ, ಬದುಕಿಕೊಂಡ.

ಆಮೇಲೆ ಬಂದವರು ಪಾಠ ಕಲಿತೇ ಬಂದರು. ಅದೇ 1996ರಲ್ಲಿ ಪಿಜ್ಜಾ ಹಟ್ ಭಾರತದಲ್ಲಿ ತನ್ನ ಮೊದಲ ಅಂಗಡಿಯನ್ನು ಬೆಂಗಳೂರಿನಲ್ಲೇ ತೆರೆಯಿತು. ಅಕ್ಟೋಬರಿನಲ್ಲಿ ದೆಹಲಿಯ ವಸಂತ ವಿಹಾರಕ್ಕೆ ಕಾಲಿಟ್ಟ ಮೆಕ್‌ಡೊನಾಲ್ಡ್ಸ್, ದನದ ಮಾಂಸದ ಬರ್ಗರಿನಿಂದಲೇ ಹೆಸರಾದ ಸಂಸ್ಥೆ, ದನದ ಮಾಂಸವನ್ನೇ ಮನೆಯಲ್ಲಿ ಬಿಟ್ಟು ಬಂತು. ಬಿಗ್ ಮ್ಯಾಕ್ ಹೋಗಿ ಕುರಿಮಾಂಸದ ಮಹಾರಾಜ ಮ್ಯಾಕ್ ಆಯಿತು. ಮಹಾರಾಜರು ಮುಂದೆ ಕೋಳಿಗಿಳಿದರು. ನಿಜವಾಗಿ ರಾಜ್ಯವಾಳಿದ್ದು ಆಲೂ ಟಿಕ್ಕಿ. ಅಂದರೆ ಬಟಾಣಿ ಬೆರೆಸಿದ ಆಲೂಗಡ್ಡೆ ಪಲ್ಯವನ್ನು ತಟ್ಟಿ ಕರಿದು ಬನ್ನಿನೊಳಗೆ ಇಟ್ಟದ್ದು. ನಮ್ಮ ಬೇಕರಿಯವರು ಅದನ್ನೇ ಬನ್ನಿನ ಹೊಟ್ಟೆಗೆ ತುಂಬಿ ಬೇಯಿಸಿ ‘ಆಲೂ ಬನ್’ ಅಂದಾಗ ಯಾರೂ ಟ್ರೇ ಹಿಡಿದು ಸಾಲಿನಲ್ಲಿ ನಿಂತಿರಲಿಲ್ಲ.

ಮೇಯನೇಸಿನ ಕಥೆ ಇನ್ನೂ ಸೊಗಸು. ಎಣ್ಣೆ ಮತ್ತು ಹುಳಿಯನ್ನು ಮೊಟ್ಟೆಯ ಹಳದಿ ಹಿಡಿದಿಟ್ಟರೆ ಅದು ಮೇಯನೇಸ್. ನಮಗೆ ಮೊಟ್ಟೆ ಬೇಡ, ಮೇಯನೇಸ್ ಬೇಕು. ಹಾಗಾಗಿ ಕಂಪನಿಗಳು ಹಾಲಿನ ಅಥವಾ ಸೋಯಾದ ಪ್ರೋಟೀನಿಗೆ ಆ ನೌಕರಿ ಕೊಟ್ಟವು. ಮನೆಯಲ್ಲೂ ಆಗುತ್ತದೆ: ಒಂದು ಪಾಲು ತಣ್ಣನೆಯ ಹಾಲು, ಎರಡು ಪಾಲು ಎಣ್ಣೆ, ಮಿಕ್ಸಿ ತಿರುಗುತ್ತಿರುವಾಗ ಎಣ್ಣೆಯನ್ನು ದಾರದಷ್ಟು ಸಣ್ಣಗೆ ಬಿಡಬೇಕು, ನಿಂಬೆರಸ ಕೊನೆಗೆ. ಎಣ್ಣೆಯನ್ನು ಒಮ್ಮೆಲೇ ಸುರಿದರೆ ಹಾಲು ಹಾಲೇ, ಎಣ್ಣೆ ಎಣ್ಣೆಯೇ. ಸಮ್ಮಿಶ್ರ ಸರ್ಕಾರದಂತೆ ಒಂದೇ ಜಾರಿನಲ್ಲಿದ್ದೂ ಬೇರೆ ಬೇರೆ.

ಈಗ ಬರ್ಗರಿಗೆ ರಾಗಿಯೂ ಬಂದಿದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳ ಜೊತೆಗೂಡಿ ಮೆಕ್‌ಡೊನಾಲ್ಡ್ಸ್ 2024ರಲ್ಲಿ ಸಿರಿಧಾನ್ಯದ ಬನ್ ತಂದಿತು. ರಾಗಿಯಲ್ಲಿ ಹಿಟ್ಟಿಗೆ ಜಿಗುಟು ಕೊಡುವ ಗ್ಲುಟನ್ ಇಲ್ಲ, ಅದರ ಪಾಡಿಗೆ ಬಿಟ್ಟರೆ ಬನ್ನಾಗಿ ಉಬ್ಬದು. ಮುದ್ದೆಯಾಗುವುದು ಅದರ ಜಾಯಮಾನ. ಮಂಡ್ಯದ ಕಡೆ ಮುದ್ದೆಯನ್ನು ಅಗಿದವನನ್ನು ಇಂದಿಗೂ ಅನುಮಾನದಿಂದ ನೋಡುತ್ತಾರೆ. ಅಜ್ಜಿ ಕೊಟ್ಟಾಗ ‘ರಾಗಿ ಬೇಡ’ ಎಂದು ಅಳುತ್ತಿದ್ದ ಮಗು ಈಗ ಬನ್ನಿನಲ್ಲಿ ಅದನ್ನೇ ಅಗಿದು ತಿನ್ನುತ್ತದೆ, ಅಮ್ಮ ಹೆಚ್ಚಿಗೆ ದುಡ್ಡು ಕೊಡುತ್ತಾಳೆ.

ಹೆಸರಿಗೂ ಪದಾರ್ಥಕ್ಕೂ ಸಂಬಂಧ ಇರಲೇಬೇಕು ಎಂದು ಈ ದೇಶದಲ್ಲಿ ನಂಬಿರುವವರು ತೆರಿಗೆಯವರು ಮಾತ್ರ. ಪರೋಟ ರೊಟ್ಟಿಯಲ್ಲ, ಆದ್ದರಿಂದ ಶೇ 18 ಎಂದು 2020ರಲ್ಲಿ ಹೇಳಿದ್ದು ಕರ್ನಾಟಕದ್ದೇ ಜಿಎಸ್‌ಟಿ ಪ್ರಾಧಿಕಾರ. ಪಿಜ್ಜಾ ಮೇಲೆ ಉದುರಿಸುವ ಚೀಸಿನಂಥದ್ದರಲ್ಲಿ ವನಸ್ಪತಿ ಎಣ್ಣೆಯಿದೆ, ಅದು ಚೀಸ್ ಅಲ್ಲ, ಆದ್ದರಿಂದ ಶೇ 18 ಎಂದದ್ದು 2023ರಲ್ಲಿ ಹರಿಯಾಣದ್ದು. 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನ ಮರಳುಗಾಡಿನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಪಾಪ್‌ಕಾರ್ನನ್ನು ಆಗಿನ ದರದಲ್ಲಿ ಬಿಡಿಸಿ ಹೇಳಿತು: ಉಪ್ಪುಖಾರದ್ದು ಬಿಡಿಯಾಗಿದ್ದರೆ ಶೇ 5, ಪೊಟ್ಟಣದಲ್ಲಿದ್ದರೆ ಶೇ 12, ಕ್ಯಾರಮೆಲ್ ಹಚ್ಚಿದರೆ ಶೇ 18. ಇವರ ಕೈಗೆ ಚಾಪ್ಸಿ ಇನ್ನೂ ಸಿಕ್ಕಿಲ್ಲ. ಸಿಕ್ಕಿದ ದಿನ ಗೂಡಿಗೊಂದು, ಸಾಸಿಗೊಂದು, ಮೊಟ್ಟೆಗೊಂದು ದರ, ಅನಾನಸಿಗೆ ಸ್ಪಷ್ಟೀಕರಣ.

ಅಮೆರಿಕದ ಊಟ ನಮ್ಮ ಸಂಸ್ಕೃತಿ ಕೆಡಿಸಿತು ಎಂದು ಭಾಷಣ ಮಾಡುವವರು ಮಧ್ಯಾಹ್ನ ಮನೆಗೆ ಹೋಗಿ ಉಣ್ಣುವುದೇನು? ಟೊಮೆಟೊ ಸಾರು, ಆಲೂಗಡ್ಡೆ ಹುಳಿ, ಬೀನ್ಸ್ ಪಲ್ಯ, ಶೇಂಗಾ ಚಟ್ನಿ, ಗೋಡಂಬಿ ಹಾಕಿದ ಪಾಯಸ. ಎಲ್ಲವೂ ಆ ಖಂಡದ್ದೇ, ಪೋರ್ಚುಗೀಸರು ಮತ್ತಿತರರು ಹಡಗಿನಲ್ಲಿ ತಂದದ್ದು. ಮೆಣಸಿನಕಾಯಿಯಂತೂ ಬಂದದ್ದೇ ನಮ್ಮ ಮೆಣಸಿನ ಹೆಸರು ಕಿತ್ತುಕೊಂಡಿತು. ಪಾಪ, ಮಲೆನಾಡಿನ ಮೆಣಸು ತನ್ನ ಮನೆಯಲ್ಲೇ ‘ಕಾಳುಮೆಣಸು’ ಎಂದು ಪರಿಚಯ ಹೇಳಿಕೊಂಡು ಓಡಾಡಬೇಕಾಯಿತು. ಬ್ಯಾಡಗಿಯದಕ್ಕೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಮೆಕ್ಸಿಕೋ ಕಡೆಯ ಸೀಮೆಬದನೆಯನ್ನು ತಮಿಳರು ‘ಬೆಂಗಳೂರು ಬದನೆ’ ಎನ್ನುತ್ತಾರೆ. ಅಮೆರಿಕದ್ದು ಬೆಂಗಳೂರಿನದಾಯಿತು, ಇನ್ನೊಂದು ಬಾಂಬೆಯದಾಯಿತು, ನಮ್ಮ ಗಲ್ಲಿಯ ಬಾಣಲೆಯದು ಅಮೆರಿಕನ್ ಆಯಿತು.

ಈ ಸೋಂಕಿಲ್ಲದ ಅಡುಗೆ ಒಂದೇ ಉಳಿದಿದೆ: ತಿಥಿಯದು. ಮಡಿವಂತ ಮನೆಗಳಲ್ಲಿ ಅಂದು ಟೊಮೆಟೊ, ಆಲೂಗಡ್ಡೆ, ಬೀನ್ಸ್, ಮೆಣಸಿನಕಾಯಿ ಒಲೆಯ ಹತ್ತಿರ ಸುಳಿಯುವಂತಿಲ್ಲ. ಖಾರಕ್ಕೆ ಕಾಳುಮೆಣಸು, ಪಲ್ಯಕ್ಕೆ ಬಾಳೆಕಾಯಿ, ಹಾಗಲಕಾಯಿ, ಜೊತೆಗೆ ಉದ್ದಿನ ವಡೆ, ಎಳ್ಳುಂಡೆ. ಹೀಗೆ ಅಪ್ಪಟ ದೇಶೀ ಊಟ ಕರ್ನಾಟಕದಲ್ಲಿ ಸತ್ತವರಿಗೆ ಮೀಸಲು, ಅದೂ ವರ್ಷಕ್ಕೊಮ್ಮೆ. ಪಿಂಡ ಮುಟ್ಟಿದ ಕಾಗೆ ಸಂಜೆ ಹೊತ್ತಿಗೆ ಬಸ್ ನಿಲ್ದಾಣದ ಕಡೆ ಹಾರಿ, ರೆಸ್ಟೋರೆಂಟಿನ ಹಿಂದಿನ ತೊಟ್ಟಿಯ ಅಂಚಿನಲ್ಲಿ ಕೂತು, ಮೆತ್ತಗಾದ ಚಾಪ್ಸಿಯ ಎಳೆಗಳನ್ನು ಒಂದೊಂದೇ ಎಳೆದು ತಿನ್ನುತ್ತದೆ.