ಇಂಚು ಆಮೇಲೆ, ಮೊದ್ಲು ಅಕ್ಷರ ನೋಡಿ

ಮಾನಿಟರ್ ತಗೋಬೇಕು ಅಂತ ಹೊರಟೋರು ಮೊದ್ಲು ಕೇಳೋದು ಯಾವಾಗ್ಲೂ ಒಂದೇ, 24 ಇಂಚು ಸಾಕಾ ಇಲ್ಲಾ 27 ತಗೊಳ್ಲಾ ಅಂತ. ಆಮೇಲೆ ರೇಟು. ರೆಸಲ್ಯೂಶನ್, ಅಂದ್ರೆ ಪರದೆಯಲ್ಲಿ ಎಷ್ಟು ಪಿಕ್ಸೆಲ್ (ಚಿತ್ರ ಮೂಡಿಸೋ ಚುಕ್ಕೆ) ಇದೆ ಅನ್ನೋದು, ಎಲ್ಲೋ ಕೊನೇಲಿ ಬರತ್ತೆ, ಫುಲ್ ಎಚ್‌ಡಿ ಇದ್ಯಂತೆ ಸಾಕು ಬಿಡು ಅಂತ ಅಲ್ಲಿಗೇ ಮಾತು ಮುಗಿಯತ್ತೆ. ನನ್ ಪ್ರಕಾರ ಈ ಕ್ರಮಾನೇ ಉಲ್ಟಾ. ನನ್ನ ಕೆಲ್ಸ ಪೂರ್ತಿ ಓದೋದು, ತಿದ್ದೋದು, ಪ್ರೂಫ್ ನೋಡೋದು, ಹಂಗಾಗಿ ನನ್ ತೀರ್ಮಾನ ಸ್ವಲ್ಪ ಆ ಕಡೆ ವಾಲಿರತ್ತೆ ಅಂತ ಮೊದ್ಲೇ ಹೇಳ್ಬಿಡ್ತೀನಿ. ಆದ್ರೆ ಬಹಳ ಜನ ಕಂಪ್ಯೂಟರ್ ಮುಂದೆ ದಿನಪೂರ್ತಿ ಮಾಡೋದೂ ಅದೇ ತಾನೆ, ಮೇಲ್ ಓದೋದು, ಶೀಟ್ ನೋಡೋದು, ಕೋಡ್ ಬರೆಯೋದು. ಎಲ್ಲಾ ಅಕ್ಷರಾನೇ.

ಫುಲ್ ಎಚ್‌ಡಿ ಅಂದ್ರೆ 1920 × 1080 ಪಿಕ್ಸೆಲ್. ಪರದೆ 22 ಇಂಚು ಇರಲಿ 32 ಇಂಚು ಇರಲಿ ಪಿಕ್ಸೆಲ್ ಅಷ್ಟೇ, ಒಂದೂ ಜಾಸ್ತಿ ಸಿಗಲ್ಲ. 24 ಇಂಚಿನ ಫುಲ್ ಎಚ್‌ಡಿಯಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್ ಬೀಳತ್ತೆ, ಅದನ್ನೇ 27 ಇಂಚಿಗೆ ಹಿಗ್ಗಿಸಿದ್ರೆ 82ಕ್ಕೆ ಇಳಿಯತ್ತೆ. ಅಂದ್ರೆ ಜಾಸ್ತಿ ದುಡ್ಡು ಕೊಟ್ಟು ದೊಡ್ಡದು ತಂದ್ರಿ, ಆದ್ರೆ ಅದರಲ್ಲಿ ಒಂದು ಸಾಲೂ ಜಾಸ್ತಿ ಕಾಣಲ್ಲ, ಇದ್ದ ಸಾಲುಗಳೇ ಸ್ವಲ್ಪ ಉಬ್ಬಿ ಅಂಚು ಒರಟಾಗಿ ಕಾಣತ್ತೆ ಅಷ್ಟೇ. ಅಂಗಡಿಗಳಲ್ಲಿ ಜಾಸ್ತಿ ಆಸೆ ಹುಟ್ಟಿಸೋದು ಇದೇ 27 ಇಂಚು ಫುಲ್ ಎಚ್‌ಡಿ, ಯಾಕಂದ್ರೆ ನೋಡೋಕೆ ದೊಡ್ಡದು, ರೇಟೂ ಕಮ್ಮಿ, ಮತ್ತೆ ಅಲ್ಲಿ ಓಡ್ತಿರೋದು ಬೆಟ್ಟ ಗುಡ್ಡ ಜಲಪಾತದ ವಿಡಿಯೋ, ನಿಂತಿರೋದು ಒಂದೂವರೆ ಮೀಟರ್ ದೂರದಲ್ಲಿ. ಜಲಪಾತ ಯಾವ ಮಾನಿಟರಲ್ಲೂ ಚೆನ್ನಾಗೇ ಕಾಣತ್ತೆ ಸ್ವಾಮಿ. ಒಂದು ವೆಬ್‌ಪೇಜ್ ತೆಗೆಸಿ, ಇಲ್ಲಾ ಒಂದು ಎಕ್ಸೆಲ್ ಶೀಟ್ ಓಪನ್ ಮಾಡ್ಸಿ, ಕೈ ಚಾಚಿದಷ್ಟು ದೂರದಲ್ಲಿ ನಿಂತು ಓದಿ ನೋಡಿ, ಆಗ ಗೊತ್ತಾಗತ್ತೆ.

ಇಲ್ಲಿ ಕಣ್ಣಿನ ಲೆಕ್ಕ ಒಂದಿದೆ. ನಾರ್ಮಲ್ ದೃಷ್ಟಿ ಇರೋ ಕಣ್ಣು ಸುಮಾರು ಒಂದು ಆರ್ಕ್ ಮಿನಿಟ್, ಅಂದ್ರೆ ಒಂದು ಡಿಗ್ರಿಯ 60ರಲ್ಲಿ ಒಂದು ಪಾಲಿನಷ್ಟು ಸಣ್ಣ ವಿವರಾನ ಗುರುತಿಸತ್ತೆ. 60 ಸೆಂಟಿಮೀಟರ್ ದೂರದಲ್ಲಿ ಅದು ಸುಮಾರು 0.17 ಮಿಲಿಮೀಟರ್ ಆಗತ್ತೆ. 27 ಇಂಚಿನ ಫುಲ್ ಎಚ್‌ಡಿಯಲ್ಲಿ ಒಂದೊಂದು ಪಿಕ್ಸೆಲ್ಲೂ 0.31 ಮಿಲಿಮೀಟರ್, ಅದಕ್ಕೇ ಹತ್ರ ಕೂತ್ರೆ ಮೆಟ್ಟಿಲು ಮೆಟ್ಟಿಲಾಗಿ ಕಾಣೋದು. ಅದೇ ಸೈಜಲ್ಲಿ 2560 × 1440 ಆದ್ರೆ 0.23, 4ಕೆ (3840 × 2160) ಆದ್ರೆ 0.155. ಇದನ್ನ ತಿರುಗಿಸಿ ಹೇಳೋದಾದ್ರೆ, 27 ಇಂಚಿನ 1440ರಲ್ಲಿ ಪಿಕ್ಸೆಲ್ ಕಾಣದೆ ಇರೋಕೆ 80 ಸೆಂಟಿಮೀಟರ್ ಹಿಂದೆ ಕೂರ್ಬೇಕು, ಫುಲ್ ಎಚ್‌ಡಿ ಆದ್ರೆ ಒಂದು ಮೀಟರಿಗಿಂತ ಜಾಸ್ತಿ. ಒಂದು ಮೀಟರ್ ದೂರ ಕೂತ್ಕೊಂಡು ಟೈಪ್ ಮಾಡೋಕೆ ಯಾರ ಕೈ ಅಷ್ಟು ಉದ್ದ ಇದೆ ಹೇಳಿ.

ಕನ್ನಡ ಓದೋರಿಗೆ ಇದು ಇನ್ನೂ ಮುಖ್ಯ, ಆದ್ರೆ ಮಾನಿಟರ್ ರಿವ್ಯೂ ಮಾಡೋ ಯಾರೂ ಇದನ್ನ ಹೇಳಲ್ಲ, ಯಾಕಂದ್ರೆ ಅವರು ನೋಡೋದೆಲ್ಲ ಇಂಗ್ಲಿಷ್ ಅಕ್ಷರ. ವಿಂಡೋಸಲ್ಲಿ ಸ್ಕೇಲಿಂಗ್, ಅಂದ್ರೆ ಅಕ್ಷರ ಐಕಾನ್ ಎಲ್ಲಾನೂ ಎಷ್ಟು ಹಿಗ್ಗಿಸಿ ತೋರಿಸ್ಬೇಕು ಅನ್ನೋ ಸೆಟ್ಟಿಂಗ್, 100% ಇದ್ರೆ 11 ಪಾಯಿಂಟ್ ಫಾಂಟಿಗೆ ಸಿಗೋದು ಹೆಚ್ಚುಕಮ್ಮಿ 15 ಪಿಕ್ಸೆಲ್ ಎತ್ತರ. ಇಂಗ್ಲಿಷಿಗೆ ಅಷ್ಟು ಸಾಕು. ನಮ್ದು ಹಂಗಲ್ಲ, ಮೇಲೆ ತಲೆಕಟ್ಟು ಗುಡಿಸು, ಕೆಳಗೆ ಒತ್ತು, ಒತ್ತಿಗೆ ಇನ್ನೊಂದು ಒತ್ತು, ಎಲ್ಲಾ ಹೆಚ್ಚುಕಮ್ಮಿ ಅಷ್ಟರಲ್ಲೇ ತುರುಕ್ಬೇಕು. ಥ ಮಧ್ಯದ ಚುಕ್ಕೆ ಒಂದೇ ಒಂದು ಪಿಕ್ಸೆಲ್ ಆಗತ್ತೆ, ಪಕ್ಕದ ಬೂದುಬಣ್ಣದ ಜೊತೆ ಸೇರಿ ಕಾಣದೇ ಹೋಗತ್ತೆ. ಪ ಹೋಗಿ ಫ ಆಗೋದು ಕೆಳಗಿನ ಆ ಚಿಕ್ಕ ಸೀಳಿಂದ, ಅದೂ ಮಸುಕು. 'ಸ್ತ್ರೀ' 'ರಾಷ್ಟ್ರ' ಥರದ ಪದ ಬಂದ್ರಂತೂ ಕೆಳಗೆ ಒಂದು ಕಪ್ಪು ಗಂಟು ಕಾಣತ್ತೆ, ನಾವು ಅಭ್ಯಾಸಬಲದಿಂದ ಊಹಿಸ್ಕೊಂಡು ಓದ್ತೀವಿ. ಸುಮ್ನೆ ಓದೋರಿಗೆ ಊಹೆ ನಡೆಯತ್ತೆ, ಪ್ರೂಫ್ ನೋಡೋರಿಗೆ ನಡೆಯಲ್ಲ, ಯಾಕಂದ್ರೆ ಅಲ್ಪಪ್ರಾಣ ಮಹಾಪ್ರಾಣದ ತಪ್ಪು ಹಿಡಿಯೋದೇ ಅಲ್ಲಿ ನಮ್ ಕೆಲ್ಸ.

ಇಲ್ಲಿ ತುಂಬಾ ಜನ ಎಡವೋ ಜಾಗ ಒಂದಿದೆ. 1440 ತಗೊಂಡ ತಕ್ಷಣ ಅಕ್ಷರ ಶಾರ್ಪ್ ಆಗ್ಬಿಡತ್ತೆ ಅಂದ್ಕೋತಾರೆ. ಸ್ಕೇಲಿಂಗ್ 100%ನಲ್ಲೇ ಬಿಟ್ರೆ ಅಕ್ಷರಕ್ಕೆ ಸಿಗೋದು ಅದೇ 15 ಪಿಕ್ಸೆಲ್, ಪಿಕ್ಸೆಲ್ ಚಿಕ್ಕದಾಗಿರೋದ್ರಿಂದ ಅಕ್ಷರಾನೇ ಚಿಕ್ಕದಾಗತ್ತೆ, 24 ಇಂಚಿನ ಫುಲ್ ಎಚ್‌ಡಿಯಲ್ಲಿ ಕಾಣ್ತಿದ್ದಕ್ಕಿಂತ ಸುಮಾರು 16% ಸಣ್ಣ. ಅಲ್ಲಿ ಸಿಗೋ ಲಾಭ ಜಾಗ, ಎರಡು ಡಾಕ್ಯುಮೆಂಟ್ ಪಕ್ಕಪಕ್ಕ ಆರಾಮಾಗಿ ಕೂರತ್ತೆ. 27 ಇಂಚಿನ 4ಕೆ ತಗೊಂಡು 150% ಸ್ಕೇಲಿಂಗ್ ಇಟ್ಟು ನೋಡಿ, ಜಾಗ ಸರಿಯಾಗಿ ಅದೇ 2560 × 1440ರಷ್ಟೇ ಸಿಗತ್ತೆ, ಅಕ್ಷರದ ಸೈಜೂ ಅದೇ, ಆದ್ರೆ ಅದೇ ಅಕ್ಷರಾನ ಬಿಡಿಸೋಕೆ 15ರ ಬದ್ಲು 22 ಪಿಕ್ಸೆಲ್ ಎತ್ತರ. ಅಡ್ಡಕ್ಕೂ ಅಷ್ಟೇ ಅನುಪಾತ, ಒಟ್ಟು ಎರಡೂಕಾಲು ಪಟ್ಟು ಪಿಕ್ಸೆಲ್. ಥ ಚುಕ್ಕೆ ಚುಕ್ಕೆಯಾಗೇ ಕಾಣತ್ತೆ. 4ಕೆ ದೊಡ್ಡದಾಗಿ ತೋರ್ಸತ್ತೆ ಅಂತಾನೋ ಜಾಸ್ತಿ ತೋರ್ಸತ್ತೆ ಅಂತಾನೋ ಅಲ್ಲ, ಇದ್ದಿದ್ದನ್ನ ಸರಿಯಾಗಿ ತೋರ್ಸತ್ತೆ ಅಂತ ನಾನು ಅದರ ಪರ. 4ಕೆ ಆದ್ರೆ ಎಲ್ಲಾ ಇರುವೆ ಇರುವೆ ಥರ ಕಾಣತ್ತೆ ಅನ್ನೋರು ಸ್ಕೇಲಿಂಗ್ ಮುಟ್ಟದೇ ಬಿಟ್ಟಿರ್ತಾರೆ.

ತೊಂದ್ರೆ ಇಲ್ಲ ಅಂತಲ್ಲ. ಕೆಲವು ಹಳೇ ಸಾಫ್ಟ್‌ವೇರ್ ಸ್ಕೇಲಿಂಗ್ ಅರ್ಥ ಮಾಡ್ಕೊಳ್ದೇ ಮಂಜು ಮಂಜಾಗಿ ಕಾಣತ್ತೆ, ಲ್ಯಾಪ್‌ಟಾಪ್ ಪರದೆಗೂ ಮಾನಿಟರಿಗೂ ಬೇರೆ ಬೇರೆ ಸ್ಕೇಲಿಂಗ್ ಇದ್ರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಿಂಡೋ ಎಳೆದಾಗ ಸೈಜು ಏನೇನೋ ಆಗತ್ತೆ. ಮ್ಯಾಕ್ ಇರೋರ ಕಥೆ ಸ್ವಲ್ಪ ಬೇರೆ, 2018ರಲ್ಲಿ ಮ್ಯಾಕಿನ ಮೊಹಾವೆ ಆವೃತ್ತಿ ಬಂದಾಗ ಆಪಲ್‌ನೋರು ಸಬ್‌ಪಿಕ್ಸೆಲ್ ಸ್ಮೂದಿಂಗ್ (ಪಿಕ್ಸೆಲ್ಲಿನ ಕೆಂಪು, ಹಸಿರು, ನೀಲಿ ಭಾಗಗಳನ್ನ ಬಳಸಿ ಅಕ್ಷರದ ಅಂಚು ನುಣುಪು ಮಾಡೋದು) ತೆಗೆದು ಹಾಕಿದ್ರು, ಅಲ್ಲಿಂದ ಕಮ್ಮಿ ಪಿಕ್ಸೆಲ್ ಇರೋ ಮಾನಿಟರ್‌ಗಳಲ್ಲಿ ಅಕ್ಷರ ವಿಂಡೋಸಿಗಿಂತ ಮಸುಕಾಗೇ ಕಾಣತ್ತೆ, ಹಂಗಾಗಿ ಮ್ಯಾಕಿಗೆ 4ಕೆಗಿಂತ ಕೆಳಗೆ ಹೋಗ್ಬೇಡಿ ಅಂತೀನಿ.

ಗೇಮ್ ಆಡೋರು ನನ್ ಮಾತು ಕೇಳ್ಬೇಡಿ. ನಿಮ್ಗೆ 27 ಇಂಚಿನ 1440, 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಾಗೋದು) ಇಲ್ಲಾ ಅದಕ್ಕಿಂತ ಮೇಲೆ ಸರಿ. 60 ಹರ್ಟ್ಸಲ್ಲಿ ಒಂದು ಫ್ರೇಮ್ ಸುಮಾರು 16.7 ಮಿಲಿಸೆಕೆಂಡ್ ನಿಲ್ಲತ್ತೆ, 144ರಲ್ಲಿ 7 ಮಿಲಿಸೆಕೆಂಡಿಗೆ ಬದಲಾಗತ್ತೆ, ಆ ವ್ಯತ್ಯಾಸ ಆಟದಲ್ಲಿ ನಿಜವಾಗ್ಲೂ ಕಾಣತ್ತೆ. 4ಕೆಯಲ್ಲಿ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಪಿಕ್ಸೆಲ್ ಇರತ್ತೆ, ಅಷ್ಟನ್ನೂ ಓಡ್ಸೋಕೆ ಗ್ರಾಫಿಕ್ಸ್ ಕಾರ್ಡಿಗೆ ಸುರಿಯೋ ದುಡ್ಡು ಮಾನಿಟರಿಗಿಂತ ಜಾಸ್ತಿ ಆಗ್ಬಿಡತ್ತೆ.

ಈಗ ಇಂಚು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇಲ್ಲಿ ಹಾಸಿಗೆ ಅಂದ್ರೆ ಟೇಬಲ್, ಅದರಲ್ಲೂ ಟೇಬಲ್ಲಿನ ಆಳ. ಎಲ್ಲರೂ ಅಗಲ ಅಳೀತಾರೆ, ಆಳ ಯಾರೂ ಅಳೆಯಲ್ಲ. 60 ಸೆಂಟಿಮೀಟರ್ ಆಳದ ಟೇಬಲ್ ಮೇಲೆ ಮಾನಿಟರ್ ಇಟ್ರೆ ಸ್ಟ್ಯಾಂಡೇ ಸುಮಾರು 20 ಸೆಂಟಿಮೀಟರ್ ತಿನ್ನತ್ತೆ, ಪರದೆ ಮುಂದಕ್ಕೆ ಬಂದು ಮುಖಕ್ಕೆ ಹೊಡೆದಂಗೆ ಕೂರತ್ತೆ. ಇಂಚು ಅಳೆಯೋದು ಮೂಲೆಯಿಂದ ಮೂಲೆಗೆ, ಹಂಗಾಗಿ 24 ಇಂಚು ಅಗಲದಲ್ಲಿ 53 ಸೆಂಟಿಮೀಟರ್, 27 ಸುಮಾರು 60, 32 ಆದ್ರೆ 71. ಹತ್ರ ಕೂತು 32 ಇಂಚು ನೋಡ್ಬೇಕಂದ್ರೆ ಕಣ್ಣು ತಿರುಗಿಸಿದ್ರೆ ಸಾಲಲ್ಲ, ಕತ್ತೇ ತಿರುಗಿಸ್ಬೇಕು, ಸಂಜೆ ಹೊತ್ತಿಗೆ ಗೊತ್ತಾಗತ್ತೆ ಅದರ ಮಜಾ. ಆಳ 75-80 ಇದೆ ಅಂದ್ರೆ 32 ತಗೊಳ್ಳಿ, ಬೇಡ ಅನ್ನಲ್ಲ, ಆದ್ರೆ 4ಕೆನೇ ತಗೊಳ್ಳಿ. 32 ಇಂಚಿಗೆ 1440 ಹಾಕಿದ್ರೆ ಇಂಚಿಗೆ ಮತ್ತೆ ಅದೇ 92 ಪಿಕ್ಸೆಲ್, 24ರ ಫುಲ್ ಎಚ್‌ಡಿಯಲ್ಲಿ ಎಷ್ಟಿತ್ತೋ ಅಷ್ಟೇ. 34 ಇಂಚಿನ ಅಲ್ಟ್ರಾವೈಡ್ ಅಂದ್ರೆ ಏನೋ ದೊಡ್ಡ ಸಂಗತಿ ಅನ್ಸತ್ತೆ, ಎತ್ತರ ನೋಡಿದ್ರೆ 27 ಇಂಚಿನಷ್ಟೇ, ಪಕ್ಕಕ್ಕೆ ಉದ್ದ ಮಾಡಿರ್ತಾರೆ. ವಿಡಿಯೋ ಎಡಿಟ್ ಮಾಡೋರಿಗೆ ಟೈಮ್‌ಲೈನ್ ಉದ್ದಕ್ಕೂ ಕಾಣತ್ತೆ, ಒಳ್ಳೇದು. ಉದ್ದುದ್ದ ಪುಟ ಓದೋರಿಗೆ ಅದರಿಂದ ಏನೂ ಬರಲ್ಲ.

ರೇಟಿನ ವಿಷ್ಯಕ್ಕೆ ಬಂದ್ರೆ, ಒಂದೇ ಬಜೆಟ್ಟಲ್ಲಿ ಎಲ್ಲಾ ಸಿಗಲ್ಲ, ಯಾವುದಕ್ಕೆ ಕೊಡ್ಬೇಕು ಯಾವುದಕ್ಕೆ ಕೊಡ್ಬಾರ್ದು ಅನ್ನೋದೇ ಪ್ರಶ್ನೆ. ಬಾಕ್ಸ್ ಮೇಲಿನ ಎಚ್‌ಡಿಆರ್ 400 (ಬೆಳಕು ಕತ್ತಲಿನ ವ್ಯತ್ಯಾಸ ಜಾಸ್ತಿ ತೋರ್ಸತ್ತೆ ಅನ್ನೋ) ಸ್ಟಿಕ್ಕರಿಗೆ ನಾನಂತೂ ಬಿಡಿಗಾಸು ಕೊಡಲ್ಲ. ಅದಕ್ಕೆ ಲೋಕಲ್ ಡಿಮ್ಮಿಂಗ್ (ಪರದೆ ಹಿಂದಿನ ಬೆಳಕನ್ನ ಭಾಗ ಭಾಗವಾಗಿ ಮಂಕು ಮಾಡೋದು) ಇರಲೇಬೇಕು ಅಂತಿಲ್ಲ, ಒಂದೇ ಸಲ ಇಡೀ ಬ್ಯಾಕ್‌ಲೈಟ್ ಜೋರು ಮಾಡಿದ್ರೂ ಆಯ್ತು, ಕತ್ತಲೂ ಜೊತೆಗೇ ಬೆಳ್ಳಗಾಗತ್ತೆ. '1 ಮಿಲಿಸೆಕೆಂಡ್' ಅನ್ನೋದನ್ನ (ಪಿಕ್ಸೆಲ್ ಬಣ್ಣ ಬದಲಾಯಿಸೋಕೆ ಹಿಡಿಯೋ ಸಮಯ) ಒಬ್ಬೊಬ್ಬರು ಒಂದೊಂದು ಥರ ಅಳೆದು ಬರ್ದಿರ್ತಾರೆ. ಕಾಂಟ್ರಾಸ್ಟ್, ಅಂದ್ರೆ ಬಿಳಿಗೂ ಕಪ್ಪಿಗೂ ಇರೋ ಬೆಳಕಿನ ಅನುಪಾತ, ಲಕ್ಷಗಟ್ಟಲೆ ಬರ್ದಿದ್ರೆ ಅದು ಡೈನಮಿಕ್ (ಹಿಂದಿನ ಬೆಳಕನ್ನ ಏರಿಸಿ ಇಳಿಸಿ ಲೆಕ್ಕ ಹಾಕಿದ್ದು), ಮರ್ತುಬಿಡಿ. ಐಪಿಎಸ್, ವಿಎ, ಟಿಎನ್ ಅನ್ನೋದು ಪ್ಯಾನೆಲ್ಲಿನ ಬೇರೆ ಬೇರೆ ಬಗೆ, ಅಸಲಿ ಲೆಕ್ಕ ಅಂದ್ರೆ ಮಾಮೂಲಿ ಐಪಿಎಸ್ ಪ್ಯಾನೆಲ್ ಸುಮಾರು 1000:1, ವಿಎ ಸುಮಾರು 3000:1. ರಾತ್ರಿ ಲೈಟ್ ಆಫ್ ಮಾಡಿ ಸಿನಿಮಾ ನೋಡೋದೇ ಜಾಸ್ತಿ ಅಂದ್ರೆ ವಿಎ, ಇಲ್ಲಾಂದ್ರೆ ಐಪಿಎಸ್, ಯಾಕಂದ್ರೆ ಪಕ್ಕದಿಂದ ನೋಡಿದ್ರೂ ಬಣ್ಣ ಕೆಡಲ್ಲ. ಅಗ್ಗದ ಟಿಎನ್ ಈಗ್ಲೂ ಅಲ್ಲಲ್ಲಿ ಸಿಗತ್ತೆ, ಹತ್ರ ಹೋಗ್ಬೇಡಿ.

ಹಂಗೆ ಉಳಿಸಿದ ದುಡ್ಡನ್ನ ಸ್ಟ್ಯಾಂಡಿಗೆ ಹಾಕಿ. ಇದನ್ನ ಹೇಳಿದ್ರೆ ಜನ ನಗ್ತಾರೆ. ಕಮ್ಮಿ ರೇಟಿನ ಮಾನಿಟರ್‌ಗಳಲ್ಲಿ ಮೊದ್ಲು ಕತ್ತರಿ ಬೀಳೋದೇ ಸ್ಟ್ಯಾಂಡಿಗೆ, ಹಿಂದೆ ಮುಂದೆ ಬಾಗತ್ತೆ ಅಷ್ಟೇ, ಮೇಲೆ ಕೆಳಗೆ ಆಗಲ್ಲ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೋ ಸ್ವಲ್ಪ ಕೆಳಕ್ಕೋ ಇರ್ಬೇಕು, ಅದಾಗಲಿಲ್ಲ ಅಂದ್ರೆ ಕೆಳಗೆ ದಪ್ಪ ಪುಸ್ತಕ ಜೋಡಿಸ್ತಾ ಕೂರ್ಬೇಕು. ಆಗಲ್ಲ ಅಂದ್ರೆ ಕೊನೇಪಕ್ಷ ಹಿಂದುಗಡೆ ವೆಸಾ ತೂತುಗಳು (ಬೇರೆ ಸ್ಟ್ಯಾಂಡೋ ಆರ್ಮೋ ಜೋಡಿಸೋ ಸ್ಕ್ರೂ ತೂತು), 100 ಮಿಲಿಮೀಟರ್ ಚೌಕದ್ದು, ಇದ್ಯಾ ನೋಡಿ. ಅದಿದ್ರೆ ನಾಳೆ ಒಂದು ಆರ್ಮ್ ಹಾಕಿ ಟೇಬಲ್ ಮೇಲಿನ ಆ 20 ಸೆಂಟಿಮೀಟರನ್ನೂ ವಾಪಸ್ ತಗೋಬಹುದು. ಚಂದ ಕಾಣ್ಲಿ ಅಂತ ಕೆಲವು ಮಾಡೆಲ್‌ಗಳಲ್ಲಿ ಆ ತೂತೇ ಇಟ್ಟಿರಲ್ಲ.

ಬಜೆಟ್ ತೀರಾ ಬಿಗಿ ಇದ್ರೆ 24 ಇಂಚಿನ ಫುಲ್ ಎಚ್‌ಡಿ ಐಪಿಎಸ್ ತಗೊಂಡು ನೆಮ್ಮದಿಯಾಗಿರಿ, 27ರ ಫುಲ್ ಎಚ್‌ಡಿಗಿಂತ ಅದು ಯಾವತ್ತಿದ್ರೂ ಮೇಲು. ಆಫೀಸಿನೋರು ಬದಲಾಯಿಸಿ ಮಾರೋ ಹಳೇ 24 ಇಂಚಿನ 1920 × 1200 ಮಾನಿಟರ್ ಸಿಕ್ರಂತೂ ನಾನು ಹೊಸದು ಬಿಟ್ಟು ಅದನ್ನೇ ತಗೋತೀನಿ. ಕೆಳಗಡೆ 120 ಸಾಲು ಪಿಕ್ಸೆಲ್ ಜಾಸ್ತಿ, ಸ್ಟ್ಯಾಂಡೂ ಸಾಮಾನ್ಯವಾಗಿ ಮೇಲೆ ಕೆಳಗೆ ಆಗೋ ಥರದ್ದೇ ಇರತ್ತೆ. ಬ್ಯಾಕ್‌ಲೈಟ್ ಮಂಕಾಗಿದ್ಯಾ, ಮೂಲೆಗಳು ಹಳದಿ ಹೊಡೀತಿದ್ಯಾ ಅಂತ ಒಂದು ಬಿಳಿ ಪುಟ ಪೂರ್ತಿ ತುಂಬಿಸಿ ನೋಡ್ಕೊಳ್ಳಿ. ಟೀವಿನೇ ಮಾನಿಟರ್ ಮಾಡ್ಕೋತೀನಿ ಅನ್ನೋರೂ ಇದ್ದಾರೆ, 43 ಇಂಚಿನ 4ಕೆ ಟೀವಿಯಲ್ಲಿ ಇಂಚಿಗೆ ಬರೋದು 102 ಪಿಕ್ಸೆಲ್, ಅದೂ ಕೆಲವು ಟೀವಿಗಳು ಬಣ್ಣದ ಮಾಹಿತಿನ ಅರ್ಧಕ್ಕರ್ಧ ಕಮ್ಮಿ ಮಾಡಿ ತೋರ್ಸೋದ್ರಿಂದ ಕೆಂಪು ಅಕ್ಷರ ಎಲ್ಲ ಕದಡಿದಂಗೆ ಕಾಣತ್ತೆ. ಓಎಲ್‌ಇಡಿ (ಒಂದೊಂದು ಪಿಕ್ಸೆಲ್ಲೂ ತಾನೇ ಬೆಳಗೋ ಪರದೆ) ಚಂದ, ಒಪ್ತೀನಿ, ಆದ್ರೆ ದಿನಪೂರ್ತಿ ಅಲ್ಲಾಡದೇ ನಿಲ್ಲೋ ಟಾಸ್ಕ್‌ಬಾರಿನ ಅಚ್ಚು ಬೀಳೋ ಭಯ ಇಟ್ಕೊಂಡು ನಂಗೆ ಕೆಲ್ಸ ಮಾಡೋಕಾಗಲ್ಲ.

ಕೊನೇಗೆ ವೈರು. 4ಕೆ ಮಾನಿಟರ್ ತಂದು ಡ್ರಾಯರಲ್ಲಿ ಬಿದ್ದಿರೋ ಯಾವುದೋ ಹಳೇ ಎಚ್‌ಡಿಎಂಐ ಕೇಬಲ್ ಚುಚ್ಚಿದ್ರೆ, ಇಲ್ಲಾ ಲ್ಯಾಪ್‌ಟಾಪಿನ ಪೋರ್ಟೇ ಎಚ್‌ಡಿಎಂಐ 1.4 ಆಗಿದ್ರೆ, 4ಕೆ ಬಂದ್ರೂ ಸಾಮಾನ್ಯವಾಗಿ 30 ಹರ್ಟ್ಸಲ್ಲಿ. ಮೌಸ್ ಎಳೆದ್ರೆ ಬಾಣದ ಗುರುತು ತಡವರಿಸ್ತಾ ಹಿಂದೆ ಹಿಂದೆ ಬರತ್ತೆ, ಕಂಪ್ಯೂಟರೇ ಸ್ಲೋ ಆಯ್ತೇನೋ ಅನ್ಸತ್ತೆ. 60 ಬೇಕಂದ್ರೆ ಎಚ್‌ಡಿಎಂಐ 2.0 ಇಲ್ಲಾ ಡಿಸ್‌ಪ್ಲೇಪೋರ್ಟ್ 1.2 ಎರಡೂ ಕಡೆ ಇರ್ಬೇಕು. ಯುಎಸ್‌ಬಿ-ಸಿ ಒಂದೇ ವೈರಲ್ಲಿ ಚಿತ್ರಾನೂ ಬಂದು ಲ್ಯಾಪ್‌ಟಾಪೂ ಚಾರ್ಜ್ ಆಗೋದು ಭಾರೀ ಅನುಕೂಲ, ಅದಕ್ಕೆ ಸ್ವಲ್ಪ ಜಾಸ್ತಿ ಕೊಟ್ರೂ ಪರ್ವಾಗಿಲ್ಲ ಅಂತೀನಿ, ಆದ್ರೆ ಲ್ಯಾಪ್‌ಟಾಪಿನ ಎಲ್ಲಾ ಸಿ ಪೋರ್ಟಲ್ಲೂ ವಿಡಿಯೋ ಬರಲ್ಲ, ಮೊದ್ಲು ಅದನ್ನ ನೋಡ್ಕೊಳ್ಳಿ. ಮತ್ತೆ ಮಾನಿಟರ್ ಕೊಡೋ ಪವರ್ 65 ವಾಟಾ 90 ವಾಟಾ ಅಂತ ನಿಮ್ ಚಾರ್ಜರ್ ಮೇಲೆ ಬರೆದಿರೋದರ ಜೊತೆ ತಾಳೆ ಹಾಕಿ. ಮನೆಗೆ ತಂದ ದಿನಾನೇ ಡಿಸ್‌ಪ್ಲೇ ಸೆಟ್ಟಿಂಗ್ಸಲ್ಲಿ ಹರ್ಟ್ಸ್ ಎಷ್ಟಿದೆ ಅಂತ ನೋಡಿ, ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಒಂದೊಂದಾಗಿ ಪರದೆ ತುಂಬಾ ಹಾಕಿ ಸತ್ತ ಪಿಕ್ಸೆಲ್ ಇದ್ಯಾ ಹುಡುಕಿ. ಒಂದೆರಡು ಸತ್ತಿದ್ರೆ ವಾರಂಟಿಯಲ್ಲಿ ಬದಲಾಯಿಸಿ ಕೊಡದ ಕಂಪನಿಗಳೂ ಇವೆ, ಹಂಗಾಗಿ ರಿಟರ್ನ್ ಮಾಡೋ ಅವಧಿ ಮುಗಿಯೋವರೆಗೂ ಬಾಕ್ಸು, ಥರ್ಮೋಕೋಲು ಎರಡನ್ನೂ ಬಿಸಾಕ್ಬೇಡಿ.